ಹೊಸ ಟೈಮಿಂಗ್ ಬೆಲ್ಟ್ ಹಾಕಿಸಿದ ಮೇಲೆ ಜಿಪ್ಸಿ ಊಳಿಡುತ್ತಿದೆ. ಬೆಲ್ಟ್ ಎಷ್ಟು ಟೈಟ್ ಇರಬೇಕು?

ನಿಮ್ಮದು ಕಾರ್ಬ್ಯುರೇಟರ್ ಇರುವ 8 ವಾಲ್ವಿನ ಹಳೇ 1.3 ಜಿಪ್ಸಿ. ಬೆಲ್ಟ್ ಬದಲಾಯಿಸಿದ ದಿನದಿಂದ ಮುಂದೆ ಊಂ ಅಂತ ಸದ್ದು. ಕೇಳಿದರೆ ಮೆಕ್ಯಾನಿಕ್ ಟೈಟ್ ಇದ್ದಷ್ಟೂ ಒಳ್ಳೇದು, ಹಲ್ಲು ಹಾರಲ್ಲ ಅಂತಾರೆ. ಅದು ಸರಿಯಲ್ಲ. ಈ ಎಂಜಿನ್‌ನಲ್ಲಿ ಬೆಲ್ಟಿಗೆ ಬಿಗಿ ಕೊಡುವುದು ಟೆನ್ಷನರ್ (ಬೆಲ್ಟನ್ನು ಒತ್ತಿ ಹಿಡಿಯುವ ರಾಟೆ) ಸ್ಪ್ರಿಂಗಿನ ಕೆಲಸ. ಅದಕ್ಕೆ ಅಡ್ಡ ಬರದೆ ಇದ್ದರೆ ಸಾಕು, ಕೈ ಬಲ ತೋರಿಸಬೇಕಾಗಿಲ್ಲ.

ಮೊದಲು ಸದ್ದು ಎಲ್ಲಿಂದ ಅಂತ ಖಾತ್ರಿ ಮಾಡಿಕೊಳ್ಳಿ. ಹೊರಗಿನ ಫ್ಯಾನ್ ಬೆಲ್ಟ್ ತೆಗೆದು, ಎಂಜಿನ್ ತಣ್ಣಗಿರುವಾಗ ಅರ್ಧ ನಿಮಿಷ ಓಡಿಸಿ. ವಾಟರ್ ಪಂಪ್ ತಿರುಗುವುದಿಲ್ಲವಾದ್ದರಿಂದ ಅದಕ್ಕಿಂತ ಜಾಸ್ತಿ ಬೇಡ. ಸದ್ದು ನಿಂತರೆ ಆಲ್ಟರ್ನೇಟರ್, ಪಂಪ್ ಅಥವಾ ಫ್ಯಾನ್ ಬೆಲ್ಟ್ ಕಡೆ ನೋಡಿ. ನಿಲ್ಲದೆ, ಆಕ್ಸಿಲರೇಟರ್ ಜೊತೆಗೇ ಏರುತ್ತಿದ್ದರೆ ಟೈಮಿಂಗ್ ಬೆಲ್ಟ್ ಬಿಗಿ ಜಾಸ್ತಿಯಾಗಿದೆ, ಇಲ್ಲವೇ ಟೆನ್ಷನರ್ ಬೇರಿಂಗ್ ಹೋಗಿದೆ. ಮೊದಲನೆಯದು ಇದ್ದರೆ ಎರಡನೆಯದಕ್ಕೂ ಜಾಸ್ತಿ ದಿನ ಬೇಕಾಗಲ್ಲ. ಸಡಿಲ ಇರುವ ಬೆಲ್ಟ್ ಊಳಿಡುವುದಿಲ್ಲ, ಕವರಿಗೆ ಪಟಪಟ ಬಡಿಯುತ್ತದೆ.

ಇನ್ನು ಕೆಲಸಕ್ಕೆ ಬರೋಣ. ಎಂಜಿನ್ ಪೂರ್ತಿ ತಣ್ಣಗಿರಬೇಕು. ಇದರ ಬ್ಲಾಕ್, ಹೆಡ್ ಎರಡೂ ಅಲ್ಯೂಮಿನಿಯಂ. ಬಿಸಿಯಾದಾಗ ಹಿಗ್ಗುತ್ತವೆ, ಕೆಳಗಿನ ಕ್ರ್ಯಾಂಕ್ (ಪಿಸ್ಟನ್‌ಗಳು ತಿರುಗಿಸುವ ಶಾಫ್ಟ್) ಮತ್ತು ಮೇಲಿನ ಕ್ಯಾಮ್ (ವಾಲ್ವ್ ತೆರೆಯುವ ಶಾಫ್ಟ್) ನಡುವಿನ ಅಂತರ ಬೆಳೆಯುತ್ತದೆ, ಬೆಲ್ಟ್ ತಾನಾಗಿಯೇ ಇನ್ನಷ್ಟು ಬಿಗಿಯಾಗುತ್ತದೆ. ತಣ್ಣಗಿದ್ದಾಗಲೇ ತಂತಿಯಂತೆ ಎಳೆದಿಟ್ಟರೆ ಬಿಸಿಯಾದ ಮೇಲೆ ಬೇರಿಂಗಿನ ಗತಿ ಏನು ಹೇಳಿ.

ಸ್ಪಾರ್ಕ್ ಪ್ಲಗ್‌ಗಳನ್ನು ಬಿಚ್ಚಿಡಿ, ಎಂಜಿನ್ ಕೈಯಲ್ಲಿ ಹಗುರವಾಗಿ ತಿರುಗುತ್ತದೆ. ಕ್ಯಾಮ್ ಪುಲ್ಲಿಯ ಗುರುತು ಅದರ ಹಿಂದಿನ ವಿ ಗುರುತಿಗೆ ಬರಲಿ. ಕೆಳಗೆ ಕ್ರ್ಯಾಂಕಿನ ಹಲ್ಲಿನ ಪುಲ್ಲಿಯಲ್ಲಿ ಒಂದು ಚುಕ್ಕೆ ಇದೆ, ಅದು ಆಯಿಲ್ ಪಂಪ್ ಮೈಮೇಲಿನ ಬಾಣಕ್ಕೆ ಬರಲಿ. ಫ್ಯಾನ್ ಬೆಲ್ಟಿನ ಹೊರಗಿನ ಪುಲ್ಲಿಯಲ್ಲಿ ಇರುವ ಗೀರು ಇಗ್ನಿಷನ್ನಿಗೆ, ಇದಕ್ಕಲ್ಲ. ಟೆನ್ಷನರ್ ಬೋಲ್ಟ್ ಕೈಯಲ್ಲಿ ಮಾತ್ರ ತಿರುಗಿಸಿಟ್ಟು, ಬೆರಳಲ್ಲಿ ಪ್ಲೇಟನ್ನು ಮೇಲಕ್ಕೆ ಒತ್ತಿ ಹಿಡಿದು ಬೆಲ್ಟ್ ಏರಿಸಿ. ಟೆನ್ಷನರ್ ಇಲ್ಲದ ಕಡೆ ಬೆಲ್ಟ್ ನೇರವಾಗಿ ನಿಂತಿರಬೇಕು. ಸಡಿಲ ಎಲ್ಲಾ ಟೆನ್ಷನರ್ ಇರುವ ಕಡೆಗೇ ಬರಬೇಕು.

ಮುಖ್ಯ ವಿಷಯ ಇದು, ಜಾಸ್ತಿ ಗ್ಯಾರೇಜುಗಳಲ್ಲಿ ಹಾರಿಸಿಬಿಡುವುದೂ ಇದನ್ನೇ. ಕ್ಯಾಮ್‌ಶಾಫ್ಟ್ ಸುಮ್ನೆ ತಿರುಗಲ್ಲ. ರಾಕರ್ ಆರ್ಮ್ ಮೂಲಕ ವಾಲ್ವ್ ಸ್ಪ್ರಿಂಗುಗಳು ಅದನ್ನು ಒತ್ತುತ್ತಲೇ ಇರುತ್ತವೆ, ಒಮ್ಮೆ ಹಿಂದಕ್ಕೆ, ಒಮ್ಮೆ ಮುಂದಕ್ಕೆ. ಅವುಗಳ ಎದುರು ಟೆನ್ಷನರಿನ ಸ್ಪ್ರಿಂಗ್ ಪಾಪದ್ದು. ಬೆಲ್ಟಿನ ಸಡಿಲ ಯಾವ ಕಡೆ ಇದೆ ಅಂತಲೇ ಅದಕ್ಕೆ ಗೊತ್ತಾಗದು. ಅದಕ್ಕೇ ಸುಜುಕಿಯ ಪದ್ಧತಿಯಲ್ಲಿ ಹೆಡ್ ಕವರ್ ತೆಗೆದು, ವಾಲ್ವ್ ಅಡ್ಜಸ್ಟ್ ಮಾಡುವ ಎಂಟೂ ಸ್ಕ್ರೂಗಳನ್ನು ಪೂರ್ತಿ ಸಡಿಲಿಸುತ್ತಾರೆ. ಆಗ ಕ್ಯಾಮ್ ಬೆರಳಲ್ಲಿ ತಳ್ಳಿದರೂ ತಿರುಗುತ್ತದೆ, ಸ್ಪ್ರಿಂಗಿನ ಬಲ ಪೂರ್ತಿ ಬೆಲ್ಟಿಗೇ ಸಿಗುತ್ತದೆ. ಇದನ್ನು ಮಾಡದಿದ್ದರೆ ಬೆಲ್ಟ್ ಸಡಿಲ ಅನಿಸುತ್ತದೆ. ಹಾಗನಿಸಿದಾಗ ಟೆನ್ಷನರಿಗೆ ಸ್ಕ್ರೂಡ್ರೈವರ್ ಕೊಟ್ಟು, ತೋಟದ ಬೇಲಿ ತಂತಿ ಹಾರೆಯಲ್ಲಿ ಎಳೆದ ಹಾಗೆ ಎಳೆಯುತ್ತಾರೆ. ನಿಮ್ಮ ಗಾಡಿಯಲ್ಲೂ ಬಹುಶಃ ಇದೇ ಆಗಿದೆ.

ಸ್ಪ್ರಿಂಗ್ ಸಿಕ್ಕಿಸಿದ ಮೇಲೆ ಕ್ರ್ಯಾಂಕನ್ನು ಸ್ಪ್ಯಾನರಿನಲ್ಲಿ ಎರಡು ಪೂರ್ತಿ ಸುತ್ತು ತಿರುಗಿಸಿ. ಮುಂದಿನಿಂದ ನೋಡಿದರೆ ಗಡಿಯಾರದ ದಿಕ್ಕಿಗೆ. ಗುರುತು ದಾಟಿ ಹೋಯಿತು ಅಂತ ಹಿಂದಕ್ಕೆ ತಿರುಗಿಸಬೇಡಿ, ಮತ್ತೆ ಎರಡು ಸುತ್ತು ಮುಂದಕ್ಕೇ ಹೋಗಿ. ಕ್ರ್ಯಾಂಕ್ ಎರಡು ಸುತ್ತಿದರೆ ಕ್ಯಾಮ್ ಒಂದೇ ಸುತ್ತು, ಹಾಗಾಗಿ ಗುರುತುಗಳು ಎರಡು ಸುತ್ತಿಗೊಮ್ಮೆ ಸೇರುತ್ತವೆ. ಸೇರಿದವಾ? ಮೊದಲು ಟೆನ್ಷನರಿನ ಸ್ಟಡ್ ಬಿಗಿ ಮಾಡಿ, ಆಮೇಲೆ ಬೋಲ್ಟ್. ಸ್ಟಡ್ಡಿಗೆ ಸುಮಾರು 10, ಬೋಲ್ಟಿಗೆ ಸುಮಾರು 25 ನ್ಯೂಟನ್ ಮೀಟರ್. ಬಿಗಿ ಮಾಡಿದ ಮೇಲೆ ಟೆನ್ಷನರ್ ಅಲುಗಾಡುವುದಿಲ್ಲ, ಸ್ಪ್ರಿಂಗಿನ ಕೆಲಸವೂ ಅಲ್ಲಿಗೆ ಮುಗಿಯಿತು. ಆ ಹೊತ್ತಿಗೆ ಎಷ್ಟು ಬಿಗಿ ಇತ್ತೋ ಮುಂದಿನ ಬೆಲ್ಟ್ ತನಕ ಅಷ್ಟೇ. ಬೆಲ್ಟನ್ನು ಎರಡು ಬೆರಳಲ್ಲಿ ತಿರುಚಿ ನೋಡುವ ಅಭ್ಯಾಸ ಕೆಲವರಿಗಿದೆ. ಸಮಾಧಾನಕ್ಕೆ ನೋಡಿ, ಅದನ್ನೇ ಅಳತೆ ಮಾಡಿಕೊಳ್ಳಬೇಡಿ. ಕೊನೆಗೆ ಆ ಎಂಟೂ ಸ್ಕ್ರೂಗಳಿಂದ ವಾಲ್ವ್ ಕ್ಲಿಯರೆನ್ಸ್ (ರಾಕರ್ ಮತ್ತು ವಾಲ್ವ್ ನಡುವಿನ ಸಂದು) ಮತ್ತೆ ಸೆಟ್ ಮಾಡಬೇಕು, ಮರೆಯಬೇಡಿ.

ಇನ್ನೊಂದು ಮಾತು. ಪ್ಲಗ್‌ಗಳಿಗೆ ಕರೆಂಟ್ ಹಂಚುವ ಇದರ ಡಿಸ್ಟ್ರಿಬ್ಯೂಟರ್ ತಿರುಗುವುದು ಕ್ಯಾಮ್‌ನಿಂದಲೇ. ಬೆಲ್ಟ್ ಒಂದು ಹಲ್ಲು ತಪ್ಪಿ ಕೂತರೆ ಇಗ್ನಿಷನ್ನೂ ತಪ್ಪುತ್ತದೆ. ಆಗ ಡಿಸ್ಟ್ರಿಬ್ಯೂಟರನ್ನು ಸ್ವಲ್ಪ ತಿರುಗಿಸಿದರೆ ಐಡಲಿಂಗ್ ಚೆನ್ನಾಗಿ ಬಂದುಬಿಡುತ್ತದೆ, ಗಾಡಿ ನಿಮ್ಮ ಕೈಗೆ ಬರುತ್ತದೆ. ವಾಲ್ವ್ ಟೈಮಿಂಗ್ ಮಾತ್ರ ತಪ್ಪಾಗಿಯೇ ಉಳಿದಿರುತ್ತದೆ. ಮಡಿಕೇರಿ ಪೇಟೆಯೊಳಗೆ ಗೊತ್ತಾಗಲ್ಲ, ಮಾಂದಲಪಟ್ಟಿ ಏರಿಗೆ ಬಿಟ್ಟಾಗ ಗೊತ್ತಾಗುತ್ತದೆ. ಬೆಲ್ಟ್ ಹಾಕಿದ ಮೇಲೆ ಡಿಸ್ಟ್ರಿಬ್ಯೂಟರ್ ಅಲುಗಾಡಿಸಬೇಕಾಯಿತು ಅಂತ ಯಾರಾದರೂ ಹೇಳಿದರೆ ನಾನು ಕವರ್ ಬಿಚ್ಚಿ ಗುರುತು ತೋರಿಸಿ ಅಂತೇನೆ.

ಕಿಲೋಮೀಟರ್ ಲೆಕ್ಕ ನಮ್ಮ ಕಡೆ ಅಷ್ಟು ನಂಬಬೇಡಿ. ಫೋರ್ ಲೋ (ನಾಲ್ಕೂ ಚಕ್ರಕ್ಕೆ ನಿಧಾನದ ಗೇರು) ಹಾಕಿ ಫಸ್ಟ್ ಗೇರಿನಲ್ಲಿ ಕಾಫಿ ಮೂಟೆ ಹೊತ್ತು ತೋಟದ ಏರು ಹತ್ತುವಾಗ ಒಂದು ಕಿಲೋಮೀಟರಿಗೆ ಎಂಜಿನ್ ತಿರುಗುವುದು, ಮೈಸೂರು ರಸ್ತೆಯಲ್ಲಿ ಟಾಪ್ ಗೇರಿನಲ್ಲಿ ಏಳೆಂಟು ಕಿಲೋಮೀಟರಿಗೆ ತಿರುಗಿದಷ್ಟು. ಮೀಟರಿನಲ್ಲಿ ಮಾತ್ರ ಒಂದೇ. ಅದರ ಮೇಲೆ ಮಳೆಗಾಲದ ಕೆಸರು. ಕೆಳಗಿನ ಕವರ್ ಒಡೆದಿದ್ದರೆ, ಅಂಚಿನ ರಬ್ಬರ್ ಹೋಗಿದ್ದರೆ ಕೆಸರು ನೇರ ಹಲ್ಲಿಗೇ ಬರುತ್ತದೆ. ಕ್ಯಾಮ್, ಕ್ರ್ಯಾಂಕ್ ಸೀಲ್‌ಗಳಿಂದ ಆಯಿಲ್ ಜಿನುಗಿದರೆ ಹೊಸ ಬೆಲ್ಟೂ ಉಬ್ಬಿ ಹಾಳಾಗುತ್ತದೆ. ವಾಟರ್ ಪಂಪ್ ಕೂಡ ಇದೇ ಕವರಿನ ಹಿಂದೆ ಇದೆ, ಬಿಚ್ಚಿದ ಕೈಯಲ್ಲೇ ತಿರುಗಿಸಿ ನೋಡಿಬಿಡಿ.

ಈಗಿನ ಬೆಲ್ಟನ್ನು ಒಂದೆರಡು ದಿನ ಮಾತ್ರ ಓಡಿಸಿದ್ದರೆ ಸಡಿಲಿಸಿ ಸರಿಯಾಗಿ ಸೆಟ್ ಮಾಡಿಸಿ, ನಡೆಯುತ್ತದೆ. ವಾರಗಟ್ಟಲೆ ಓಡಿದ್ದರೆ ನಾನಾದರೆ ಹೊಸದೇ ಹಾಕುತ್ತೇನೆ. ಅಲ್ಲಿವರೆಗೆ ಸಂಪಾಜೆ ಘಾಟಿ ಇಳಿಯಬೇಡಿ. ಬೆಲ್ಟ್ ತುಂಡಾದರೆ ಎಂಜಿನ್ ಸಾಯುತ್ತದೆ, ಬ್ರೇಕಿನ ವ್ಯಾಕ್ಯೂಮ್ ಒಂದೆರಡು ತುಳಿತಕ್ಕೆ ಮುಗಿಯುತ್ತದೆ, ಆಮೇಲೆ ಪೆಡಲ್ ಒತ್ತಲು ಎರಡೂ ಕಾಲು ಬೇಕು. ಬೆಲ್ಟ್, ಟೆನ್ಷನರ್, ಸ್ಪ್ರಿಂಗ್, ಎರಡು ಸೀಲ್ ಎಲ್ಲಾ ಒಟ್ಟಿಗೇ ಹೇಳಿ ಮೈಸೂರಿನಿಂದ ಬಸ್ಸಿನಲ್ಲಿ ಪಾರ್ಸೆಲ್ ತರಿಸಿ. ಸ್ಪ್ರಿಂಗ್ ಬೇಕು ಅಂತ ಒತ್ತಿ ಹೇಳಿ, ಇಲ್ಲದಿದ್ದರೆ ಅದೊಂದನ್ನು ಬಿಟ್ಟು ಉಳಿದದ್ದೆಲ್ಲ ಬರುತ್ತದೆ.