ಹೊಸ ಸ್ಟೀಲ್ ಬ್ಯಾಕ್‌ಪ್ಲೇಟಿನಲ್ಲಿ ಕಂದು ಚುಕ್ಕೆಗಳು: ಹಿಂದಿರುಗಿಸಬೇಕೇ, ಇಟ್ಟುಕೊಳ್ಳಬಹುದೇ?

ನಿಮ್ಮ ಪ್ರಶ್ನೆಯನ್ನು ಹೀಗೆ ಅರ್ಥ ಮಾಡಿಕೊಂಡಿದ್ದೇನೆ: ಹೆಚ್ಚು ಪರಿಚಿತರಲ್ಲದ ತಯಾರಕರಿಂದ ಆನ್‌ಲೈನ್‌ನಲ್ಲಿ ತರಿಸಿದ ಸ್ಟೇನ್‌ಲೆಸ್ ಸ್ಟೀಲ್ ಬ್ಯಾಕ್‌ಪ್ಲೇಟ್ (ಡೈವರುಗಳು ಸಿಲಿಂಡರನ್ನು ಬೆನ್ನಿಗೆ ಹೊರಲು ಬಳಸುವ ಲೋಹದ ಫಲಕ) ಮೊದಲ ಸಲ ಸಮುದ್ರಕ್ಕೆ ಇಳಿದು ಬಂದ ಮೇಲೆ ಬಾಗಿದ ಗೆರೆಗಳ ಬಳಿ ಕಂದು ಚುಕ್ಕೆಗಳು ಕಾಣಿಸಿಕೊಂಡಿವೆ, ಅಲ್ಲಿ ಆಯಸ್ಕಾಂತವೂ ಸ್ವಲ್ಪ ಅಂಟುತ್ತಿದೆ, ಹಾಗಾದರೆ ಇದು ನಕಲಿ ಸ್ಟೀಲೇ, ವಾಪಸು ಕಳುಹಿಸಬೇಕೇ? ನಾನು ಪೀಣ್ಯದ ಒಂದು ಶೀಟ್ ಮೆಟಲ್ ಕಾರ್ಖಾನೆಯಲ್ಲಿ ಗುಣಮಟ್ಟ ತಪಾಸಣೆಯ ಕೆಲಸದಲ್ಲಿದ್ದೇನೆ. ಬಿಡುವಾದಾಗ ನೇತ್ರಾಣಿಯ ಸುತ್ತಮುತ್ತ ಇದೇ ಬಗೆಯ ಸಲಕರಣೆ ತೊಟ್ಟು ಡೈವ್ ಮಾಡುತ್ತೇನೆ. ನೀವು ವಿವರಿಸಿದ ಚುಕ್ಕೆಗಳನ್ನು ಬಹುತೇಕ ಮನೆಯಲ್ಲೇ ಸರಿಪಡಿಸಬಹುದು. ನನಗೆ ಅದಕ್ಕಿಂತ ಹೆಚ್ಚು ಆತಂಕ ಇರುವುದು ನೀವು ಪ್ರಸ್ತಾಪಿಸದೇ ಇರುವ ಒಂದು ಜಾಗದ ಬಗ್ಗೆ, ಅಂದರೆ ವೆಬ್ಬಿಂಗ್ ಪಟ್ಟಿ (ಗಟ್ಟಿ ನೇಯ್ಗೆಯ ನೈಲಾನ್ ಪಟ್ಟಿ) ಹಾದುಹೋಗುವ ಸ್ಲಾಟುಗಳ, ಅಂದರೆ ಉದ್ದನೆಯ ರಂಧ್ರಗಳ, ಅಂಚಿನ ಬಗ್ಗೆ.

ಮೊದಲು ಆಯಸ್ಕಾಂತದ ವಿಷಯ. 304 ಮತ್ತು 316 ದರ್ಜೆಯ ಸ್ಟೀಲುಗಳಿಗೆ ಸಾಮಾನ್ಯವಾಗಿ ಆಯಸ್ಕಾಂತ ಅಂಟುವುದಿಲ್ಲ; ಆದರೆ ಹಾಳೆಯನ್ನು ಕಾಯಿಸದೆ ಪ್ರೆಸ್ ಬ್ರೇಕ್ ಎಂಬ ಯಂತ್ರದಲ್ಲಿ ಬಗ್ಗಿಸಿದಾಗ, ಮುಖ್ಯವಾಗಿ 304ರಲ್ಲಿ, ಬಾಗಿದ ಗೆರೆಯುದ್ದಕ್ಕೂ ಲೋಹದ ಒಳರಚನೆ ಬದಲಾಗಿ ಅಲ್ಪ ಸೆಳೆತ ಬರುತ್ತದೆ, ಅದನ್ನು ದೋಷವೆಂದು ಎಣಿಸಬೇಕಾಗಿಲ್ಲ. ಸಮತಟ್ಟಾದ ಭಾಗದಲ್ಲೂ ಆಯಸ್ಕಾಂತ ಗಟ್ಟಿಯಾಗಿ ಕಚ್ಚಿಕೊಂಡರೆ ಮಾತ್ರ ಬೇರೆ ಲೋಹ ಬಂದಿದೆ ಎಂದು ಸಂಶಯಿಸಿ. ಹಾಗೆಂದು ಅಂಟದಿದ್ದ ಮಾತ್ರಕ್ಕೆ ನಿಶ್ಚಿಂತರಾಗುವಂತೆಯೂ ಇಲ್ಲ, ಏಕೆಂದರೆ ನಿಕಲ್ ಕಡಿಮೆ ಮಾಡಿ ಮ್ಯಾಂಗನೀಸ್ ಹೆಚ್ಚಿಸಿದ 200 ಸರಣಿಯ ಅಗ್ಗದ ಸ್ಟೀಲಿಗೂ ಆಯಸ್ಕಾಂತ ಅಂಟುವುದಿಲ್ಲ, ಉಪ್ಪುನೀರಿನಲ್ಲಿ ಮಾತ್ರ ಅದು 304ರಷ್ಟು ತಾಳುವುದಿಲ್ಲ. 316ರಲ್ಲಿ ಶೇಕಡ 2ರಿಂದ 3ರಷ್ಟು ಮಾಲಿಬ್ಡಿನಮ್ ಇರುತ್ತದೆ ಮತ್ತು ಸಮುದ್ರದ ಕ್ಲೋರೈಡಿನಿಂದ ಗುಳಿ ಬೀಳುವುದನ್ನು ತಡೆಯುವಲ್ಲಿ ಅದರದೇ ದೊಡ್ಡ ಪಾಲು. ದರ್ಜೆಯನ್ನು ಖಚಿತವಾಗಿ ತಿಳಿಯಬೇಕಿದ್ದರೆ ಲೋಹ ಪರೀಕ್ಷಾ ಪ್ರಯೋಗಾಲಯಕ್ಕೆ ಒಯ್ದು ಎಕ್ಸ್‌ಆರ್‌ಎಫ್ ಉಪಕರಣದಲ್ಲಿ (ಎಕ್ಸ್-ಕಿರಣದಿಂದ ಲೋಹದ ಮಿಶ್ರಣ ಗುರುತಿಸುವ ಸಾಧನ) ನೋಡಿಸಿ. ಪ್ಲೇಟನ್ನು ಕತ್ತರಿಸದೆಯೇ ಮಾಲಿಬ್ಡಿನಮ್, ಮ್ಯಾಂಗನೀಸ್, ನಿಕಲ್‌ಗಳ ಪ್ರಮಾಣ ಸಿಗುತ್ತದೆ. ಮ್ಯಾಂಗನೀಸ್ ಶೇಕಡ 5 ದಾಟಿದ್ದರೆ ಅದು 304 ಅಲ್ಲ, ಏಕೆಂದರೆ ಆ ದರ್ಜೆಯಲ್ಲಿ ಅದರ ಮಿತಿ ಶೇಕಡ 2.

ಇನ್ನು ಚುಕ್ಕೆಗಳು. ಒಳ್ಳೆಯ ಸ್ಟೀಲಿನ ಮೇಲೂ ಅವು ಬರುವುದಕ್ಕೆ ಸಾಮಾನ್ಯ ಕಾರಣವೆಂದರೆ ತಯಾರಿಕೆಯ ವೇಳೆ ಮೇಲ್ಮೈಗೆ ಹತ್ತಿಕೊಂಡ ಕಬ್ಬಿಣದ ಕಣಗಳು. ಅದೇ ಪ್ರೆಸ್ಸಿನಲ್ಲಿ ಮೈಲ್ಡ್ ಸ್ಟೀಲ್ ಬಗ್ಗಿಸಿ, ಡೈ (ಹಾಳೆ ಒತ್ತುವ ಅಚ್ಚು) ಒರೆಸದೆ ಸ್ಟೇನ್‌ಲೆಸ್ ಹಾಳೆಯನ್ನು ಇಟ್ಟರೆ ಕಣಗಳು ಬಾಗಿದ ಗೆರೆಯಲ್ಲೇ ಒತ್ತಿಕೊಳ್ಳುತ್ತವೆ, ನಿಮ್ಮ ಚುಕ್ಕೆಗಳು ಅಲ್ಲೇ ಇರುವುದು ಇದಕ್ಕೆ ಹೊಂದುತ್ತದೆ. ಪಟ್ಟಿಯನ್ನು ಪೂರ್ತಿ ಬಿಚ್ಚಿ ಬದಿಗಿಡಿ, ಏಕೆಂದರೆ ಆಮ್ಲ ನೈಲಾನಿಗೆ ಒಳ್ಳೆಯದಲ್ಲ. ಪ್ಲೇಟನ್ನು ಪಾತ್ರೆ ತೊಳೆಯುವ ಸೋಪಿನಿಂದ ಜಿಡ್ಡು ಹೋಗುವಂತೆ ತೊಳೆದು, ಚುಕ್ಕೆಗಳನ್ನು ನೈಲಾನ್ ಸ್ಕ್ರಬ್ಬರಿನಿಂದ ಉಜ್ಜಿ. ಕಬ್ಬಿಣದ ನಾರನ್ನು ಮಾತ್ರ ಬಳಸಬೇಡಿ. ಆಮೇಲೆ ಅಡುಗೆಯ ನಿಂಬೆ ಉಪ್ಪನ್ನು, ಅಂದರೆ ಸಿಟ್ರಿಕ್ ಆಮ್ಲವನ್ನು, ಶೇಕಡ 5ರಿಂದ 10ರಷ್ಟು ಬೆರೆಸಿದ ನೀರಿನಲ್ಲಿ ಅರ್ಧ ಗಂಟೆಗೂ ಹೆಚ್ಚು ಹೊತ್ತು ಮುಳುಗಿಸಿಟ್ಟು, ಸಿಹಿನೀರಿನಲ್ಲಿ ಚೆನ್ನಾಗಿ ತೊಳೆಯಿರಿ. ಮುಂದಿನ ಕೆಲವು ದಿನ ಒದ್ದೆ ಮಾಡಿ ಒಣಗಲು ಬಿಡುತ್ತಿರಿ. ಚುಕ್ಕೆ ಮತ್ತೆ ಬರದಿದ್ದರೆ ವಿಷಯ ಮುಗಿಯಿತು. ಅದೇ ಜಾಗದಲ್ಲಿ ಮರಳಿ ಬಂದು, ಉಗುರಿಗೆ ಗುಳಿ ತಾಗಿದರೆ ದೋಷ ಲೋಹದ್ದೇ.

ಈಗ ಸ್ಲಾಟುಗಳಿಗೆ ಬರುತ್ತೇನೆ. ಲೋಹದ ಬ್ಯಾಕ್‌ಪ್ಲೇಟ್ ಅಮೆರಿಕದ ಉತ್ತರ ಫ್ಲಾರಿಡಾದ ಗುಹೆ ಡೈವರುಗಳ ನಡುವೆ ರೂಪುಗೊಂಡದ್ದು. 1979ರಲ್ಲಿ ಗ್ರೆಗ್ ಫ್ಲ್ಯಾನಗನ್ ಆ ಡೈವರುಗಳಿಗಾಗಿ ಅದನ್ನು ರೂಪಿಸಿದರು, ವಿಲಿಯಂ ಹೊಗಾರ್ತ್ ಮೇನ್ ಅದನ್ನು ಮುಂದೆ ಬೆಳೆಸಿದರು. ಹೊಗಾರ್ತ್ ಹೆಸರಿನಿಂದಲೇ ಕರೆಯುವ ಹಾರ್ನೆಸ್ಸಿನಲ್ಲಿ, ಅಂದರೆ ಪ್ಲೇಟನ್ನು ಮೈಗೆ ಕಟ್ಟುವ ಪಟ್ಟಿಯ ಜೋಡಣೆಯಲ್ಲಿ, ಎರಡು ಭುಜಗಳಿಗೂ ಸೊಂಟಕ್ಕೂ ಎರಡು ಇಂಚು ಅಗಲದ ಒಂದೇ ಅಖಂಡ ಪಟ್ಟಿ ಹಾದುಹೋಗುತ್ತದೆ. ಬಕಲುಗಳು ಕಡಿಮೆಯಾದಷ್ಟೂ ಮುರಿಯುವ ಭಾಗಗಳು ಕಡಿಮೆ ಎಂಬ ಆ ತರ್ಕ ನನಗೆ ಬಹಳ ಮೆಚ್ಚುಗೆಯಾದದ್ದು, ಆದರೆ ಅದಕ್ಕೊಂದು ಷರತ್ತು ಇದೆ: ಪಟ್ಟಿ ಒಂದು ಕಡೆ ತುಂಡಾದರೆ ಹಾರ್ನೆಸ್ಸಿನ ಆ ಪಕ್ಕವೆಲ್ಲ ಸಡಿಲವಾಗುತ್ತದೆ. ಪಟ್ಟಿ ಸ್ಲಾಟಿನ ಅಂಚಿನಲ್ಲಿ ಮಡಚಿ ತಿರುಗುವ ಕಡೆಯೇ, ದೋಣಿಯಲ್ಲಿ ಸಿಲಿಂಡರನ್ನು ಎತ್ತಿ ಹೊತ್ತಾಗಲೆಲ್ಲ, ಇಡೀ ಭಾರ ಬೀಳುತ್ತದೆ. ಲೇಸರಿನಲ್ಲಿ ಕತ್ತರಿಸಿದ ಹಾಳೆಯ ಒಂದು ಮಗ್ಗುಲಿನಲ್ಲಿ ನಾವು ಕಾರ್ಖಾನೆಯಲ್ಲಿ ಬರ್ ಎನ್ನುವ ಚೂಪು ಅಂಚು ಉಳಿದಿರಬಹುದು. ಅಗ್ಗದ ಪ್ಲೇಟುಗಳಲ್ಲಿ ಹೊರಗಿನ ಸುತ್ತಂಚನ್ನು ನುಣುಪು ಮಾಡಿ, ಕೈಗೆ ಸುಲಭವಾಗಿ ಎಟುಕದ ಸ್ಲಾಟುಗಳನ್ನು ಹಾಗೆಯೇ ಬಿಟ್ಟಿರುತ್ತಾರೆ.

ಪರೀಕ್ಷೆ ಸರಳ. ಹತ್ತಿಯ ಉಂಡೆಯೊಂದನ್ನು ಪ್ರತಿ ಸ್ಲಾಟಿನ ಒಳಸುತ್ತಿನಲ್ಲಿ, ಎರಡೂ ಮಗ್ಗುಲಿನಿಂದ, ಮೂಲೆಗಳನ್ನು ಬಿಡದೆ ಎಳೆಯಿರಿ. ಎಳೆ ಸಿಕ್ಕಿಕೊಂಡ ಕಡೆ ಬರ್ ಇದೆ. ಸಣ್ಣ ಅರದಿಂದ ಅಂಚನ್ನು ದುಂಡಗೆ ಮಾಡಿ, ನಂತರ 400 ನಂಬರಿನ ಎಮರಿ ಕಾಗದದಿಂದ ಉಜ್ಜಿ. ಆ ಅರ ಹಿಂದೆ ಕಬ್ಬಿಣಕ್ಕೆ ಬಳಸಿದ್ದಾಗಿರಬಾರದು, ಇಲ್ಲವಾದರೆ ಹೊಸ ತುಕ್ಕನ್ನು ನೀವೇ ಬಿತ್ತಿದಂತಾಗುತ್ತದೆ. ಈಗಾಗಲೇ ಡೈವ್ ಮಾಡಿರುವುದರಿಂದ ಪಟ್ಟಿಯನ್ನೂ ಬೆಳಕಿಗೆ ಹಿಡಿದು ನೋಡಿ: ಮಡಿಕೆಯಲ್ಲಿ ನೂಲು ಎದ್ದು ನಯವಾಗಿ ಜುಂಗು ಕಂಡರೆ ಅದು ಸವೆತ, ಅಡ್ಡಲಾಗಿ ನೇರ ಗೆರೆಯಲ್ಲಿ ಎಳೆಗಳು ತುಂಡಾಗಿದ್ದರೆ ಅದು ಕೊಯ್ತ. ಕೊಯ್ತ ಎಷ್ಟೇ ಚಿಕ್ಕದಿದ್ದರೂ ಪಟ್ಟಿಯನ್ನೇ ಬದಲಿಸಿ.

ಅಳತೆಯಲ್ಲಿ ಮುಖ್ಯವಾದುದು ಪ್ಲೇಟಿನ ಮಧ್ಯದಲ್ಲಿ ಉದ್ದಕ್ಕೂ ಬಾಗಿಸಿದ ನಡುಗಾಲುವೆಯ ಎರಡು ಬೋಲ್ಟ್ ರಂಧ್ರಗಳ ಅಂತರ. ಮಧ್ಯದಿಂದ ಮಧ್ಯಕ್ಕೆ 11 ಇಂಚು, ಅಂದರೆ ಸುಮಾರು 279 ಮಿಲಿಮೀಟರ್ ಇರಬೇಕು. ಒಂದು ರಂಧ್ರದ ಮೇಲಂಚಿನಿಂದ ಇನ್ನೊಂದರ ಮೇಲಂಚಿಗೆ ಅಳೆದರೆ ಲೆಕ್ಕ ತಪ್ಪುವುದಿಲ್ಲ. ಇದು ಸರಿಯಿಲ್ಲದಿದ್ದರೆ ಜೋಡಿ ಸಿಲಿಂಡರಿನ ಬೋಲ್ಟುಗಳು ಓರೆಯಾಗಿ ಕೂರುತ್ತವೆ. ಮೇಲಿನ ಕತ್ತಿನ ಮಧ್ಯದಿಂದ ಕೆಳಗಿನ ಕ್ರಾಚ್ ಪಟ್ಟಿಯ (ಕಾಲುಗಳ ನಡುವೆ ಹಾಯುವ ಪಟ್ಟಿ) ಸ್ಲಾಟಿನವರೆಗೆ ದಾರ ಹಿಡಿದು, ಎಡಬಲದ ಸ್ಲಾಟುಗಳು ಅದರಿಂದ ಸಮದೂರದಲ್ಲಿವೆಯೇ ನೋಡಿ. ಪ್ಲೇಟನ್ನು ಗ್ರಾನೈಟ್ ಕಟ್ಟೆಯ ಮೇಲಿಟ್ಟು ಮೂಲೆಗಳನ್ನು ಒತ್ತಿದಾಗ ಅದು ಅಲುಗಾಡಿದರೆ ತಿರುಚಿಕೊಂಡಿದೆ ಎಂದರ್ಥ. ತೂಕವನ್ನೂ ನೋಡಿ: 3 ಮಿಲಿಮೀಟರ್ ದಪ್ಪದ ಪೂರ್ಣ ಗಾತ್ರದ ಸ್ಟೀಲ್ ಪ್ಲೇಟ್ ಎರಡೂವರೆ ಕಿಲೋಗ್ರಾಮಿನ ಆಸುಪಾಸಿನಲ್ಲಿರುತ್ತದೆ. ಇದು ಕೇವಲ ಮೋಸ ಹಿಡಿಯುವ ಪ್ರಶ್ನೆಯಲ್ಲ. ನಮ್ಮ ಡೈವ್ ಕೇಂದ್ರಗಳಲ್ಲಿ ಸಾಮಾನ್ಯವಾಗಿ ಸಿಗುವ ಅಲ್ಯೂಮಿನಿಯಂ 80 ಸಿಲಿಂಡರ್ ಖಾಲಿಯಾಗುತ್ತ ಬಂದಂತೆ ತೇಲತೊಡಗುವುದರಿಂದ, ಹೇಳಿದ್ದಕ್ಕಿಂತ ಹಗುರಾದ ಪ್ಲೇಟಿನ ತೂಕ ನಂಬಿ, ಮುಳುಗಲು ಕಟ್ಟಿಕೊಳ್ಳುವ ಸೀಸ ಕಡಿಮೆ ಮಾಡಿಕೊಂಡವರು, ಮೇಲೆ ಬರುವ ಮುನ್ನ ಸ್ವಲ್ಪ ಹೊತ್ತು ನಿಲ್ಲುವ ಕೊನೆಯ ಸುರಕ್ಷತಾ ನಿಲುಗಡೆಯಲ್ಲಿ ಆಳ ಹಿಡಿದಿಡಲು ಪರದಾಡಬೇಕಾಗುತ್ತದೆ.

ಜೊತೆಗೆ ವಿಂಗ್ (ತೇಲುವಿಕೆ ಹೊಂದಿಸಲು ಗಾಳಿ ತುಂಬುವ ಚೀಲ) ಕೂಡ ಬಂದಿದ್ದರೆ ಅದರ ಪರೀಕ್ಷೆಯನ್ನು ದಯವಿಟ್ಟು ಮುಂದೂಡಬೇಡಿ. ಅಧಿಕ ಒತ್ತಡದ ಕವಾಟ ಸುಯ್ ಎನ್ನುವವರೆಗೆ ಗಾಳಿ ತುಂಬಿ. ಗಾಳಿ ಬಿಟ್ಟ ನಂತರ ಕವಾಟ ಪೂರ್ತಿ ಮುಚ್ಚಿಕೊಳ್ಳಬೇಕು. ಬಿಸಿಲು ಬೀಳದ ಕಡೆ ರಾತ್ರಿಯಿಡೀ ಬಿಟ್ಟು ಬೆಳಿಗ್ಗೆ ಒತ್ತಿ ನೋಡಿ. ಮೆತ್ತಗಾಗಿದ್ದರೆ ನೀರಿನ ತೊಟ್ಟಿಯಲ್ಲಿ ಅದ್ದಿ ಗುಳ್ಳೆ ಎಲ್ಲಿಂದ ಏಳುತ್ತದೆ ಎಂದು ಹುಡುಕಿ. ಹೆಚ್ಚಾಗಿ ಅದು ಮೊಣಕೈ ಜೋಡಣೆಯ ತಿರುಪಿನಲ್ಲಿ, ಕವಾಟದ ಸೀಲಿನಲ್ಲಿ, ಇಲ್ಲವೇ ಪ್ಲೇಟಿಗೂ ಸಿಲಿಂಡರಿಗೂ ನಡುವೆ ಬ್ಲ್ಯಾಡರ್ (ವಿಂಗಿನ ಒಳಚೀಲ) ಚಿವುಟಿಕೊಂಡ ಜಾಗದಲ್ಲಿ ಸಿಗುತ್ತದೆ. ಸುಕ್ಕುಮೈಯ ಕೊಳವೆಯನ್ನು ಎರಡೂ ತುದಿಯಲ್ಲಿ ಹಿಡಿದು ಎಳೆದು, ಬಿಗಿದ ಟೈ ಜರುಗುವುದೇ ನೋಡಿ. ಇನ್‌ಫ್ಲೇಟರಿಗೆ ಕಡಿಮೆ ಒತ್ತಡದ ಹೋಸ್ ಸಿಕ್ಕಿಸಿ, ವಿಂಗಿಗೆ ಗಾಳಿ ತುಂಬುವ ಅದರ ಗುಂಡಿಯನ್ನು ಹಲವು ಸಲ ಒತ್ತಿ ಬಿಡಿ. ಬಿಟ್ಟ ತಕ್ಷಣ ಗಾಳಿ ನಿಲ್ಲದೆ ಸಣ್ಣಗೆ ಹರಿಯುತ್ತಿದ್ದರೆ, ನೀರಿನಡಿಯಲ್ಲಿ ಅದು ನಿಮ್ಮನ್ನು ತಡೆಯಿಲ್ಲದೆ ಮೇಲಕ್ಕೆ ಒಯ್ಯಬಲ್ಲದು. ತೇಲುವಿಕೆಯ ಸಾಧನಗಳಿಗಿರುವ ಯುರೋಪಿನ ಮಾನದಂಡ ಇಎನ್ 1809; ವಿಂಗಿನ ಲೇಬಲಿನಲ್ಲಿ ಅದು ನಮೂದಾಗಿದೆಯೇ ನೋಡಿ, ಆದರೆ ಲೇಬಲ್ ನೋಡಿ ಈ ಪರೀಕ್ಷೆಗಳನ್ನು ಬಿಡಬೇಡಿ.

ಹೀಗಾಗಿ ನನ್ನ ಸಲಹೆ: ರಂಧ್ರಗಳ ಅಂತರ ತಪ್ಪಿದ್ದರೆ, ಪ್ಲೇಟ್ ತಿರುಚಿದ್ದರೆ, ಗುಳಿ ಬೀಳುವ ತುಕ್ಕು ಮರುಕಳಿಸಿದರೆ, ಅಥವಾ 316 ಎಂದು ಮಾರಿದ್ದರಲ್ಲಿ ಮಾಲಿಬ್ಡಿನಮ್ ಸಿಗದಿದ್ದರೆ ಹಿಂದಿರುಗಿಸಿ. ಮರಳಿಸುವ ಗಡುವು ಹತ್ತಿರವಿದ್ದರೆ, ಅರ ಹಿಡಿಯುವುದಕ್ಕೂ ನಿಂಬೆ ಉಪ್ಪಿನಲ್ಲಿ ಅದ್ದುವುದಕ್ಕೂ ಮೊದಲೇ ಅಳತೆಪಟ್ಟಿಯನ್ನು ಪಕ್ಕದಲ್ಲಿಟ್ಟು ಫೋಟೋ ತೆಗೆದು ಮಾರಾಟಗಾರರಿಗೆ ಕಳುಹಿಸಿ, ಏಕೆಂದರೆ ನೀವು ಕೈಯಾಡಿಸಿದ ಪ್ಲೇಟನ್ನು ಅವರು ಒಪ್ಪದಿರಬಹುದು. ಬರೀ ಬರ್ ಮತ್ತು ಮೇಲ್ಮೈ ಚುಕ್ಕೆಗಳಷ್ಟೇ ಇದ್ದರೆ ಇಟ್ಟುಕೊಳ್ಳಿ, ಸರಿಪಡಿಸಿದ ಮೇಲೆ ಮೊದಲು ಈಜುಕೊಳದಲ್ಲಿ ಒಬ್ಬ ಜೊತೆಗಾರರೊಂದಿಗೆ ಇಳಿದು ನೋಡಿ.