ಮೊದಲು ಇಮೇಲ್‌ಗೆ ಬೀಗ ಹಾಕಿ: ಆನ್‌ಲೈನ್ ಖಾಸಗಿತನದ ಬಗ್ಗೆ ಓದುಗರ ಪ್ರಶ್ನೆಗಳಿಗೆ ಉತ್ತರ

ಈ ಬಾರಿ ಬಂದ ಪ್ರಶ್ನೆಗಳಲ್ಲಿ ಹೆಚ್ಚಿನವು ‘ಯಾವ ಆ್ಯಪ್ ಹಾಕಿಕೊಂಡರೆ ಸುರಕ್ಷಿತ?’ ಎಂಬ ಧಾಟಿಯವು. ಆ್ಯಪ್‌ಗಳ ಹೆಸರು ಕೊಡುತ್ತೇನೆ. ಆದರೆ ಅದಕ್ಕೂ ಮೊದಲು ನಮ್ಮನ್ನು ನಾವೇ ಕೇಳಿಕೊಳ್ಳಬೇಕಾದದ್ದೊಂದಿದೆ: ಏನನ್ನು ಕಾಪಾಡಬೇಕು, ಯಾರಿಂದ ಕಾಪಾಡಬೇಕು? ಎಲ್ಲೋ ಕುಳಿತ ಕಳ್ಳನಿಂದಲೋ, ಜಾಹೀರಾತು ಕಂಪನಿಯಿಂದಲೋ, ನಮ್ಮ ಫೋನನ್ನೇ ಬಲ್ಲವರಿಂದಲೋ? ಒಬ್ಬರನ್ನು ತಡೆಯುವ ಸಾಧನ ಇನ್ನೊಬ್ಬರ ಮುಂದೆ ಕೆಲಸಕ್ಕೆ ಬರುವುದಿಲ್ಲ. ಬರೆದವರ ಗುರುತು ಸಿಗದಂತೆ ಪ್ರಶ್ನೆಗಳ ವಿವರ ಬದಲಿಸಿ, ಚಿಕ್ಕದು ಮಾಡಿದ್ದೇನೆ.

ಪ್ರಶ್ನೆ: ನಾನು ನಿವೃತ್ತ ಶಿಕ್ಷಕ. ಇಮೇಲ್, ಬ್ಯಾಂಕು, ಖರೀದಿ, ಟಿಕೆಟ್ ಎಂದು ಎಪ್ಪತ್ತರ ಹತ್ತಿರ ಖಾತೆಗಳಿವೆ. ಎಲ್ಲಕ್ಕೂ ಒಂದೇ ಪಾಸ್‌ವರ್ಡ್, ಕೊನೆಯ ಎರಡು ಅಂಕಿ ಮಾತ್ರ ಬೇರೆ. ಎಲ್ಲ ಪಾಸ್‌ವರ್ಡ್‌ಗಳನ್ನೂ ಒಂದೇ ಮಾಸ್ಟರ್ ಪಾಸ್‌ವರ್ಡಿನ ಬೀಗದಡಿ ಕೂಡಿಡುವ ಪಾಸ್‌ವರ್ಡ್ ಮ್ಯಾನೇಜರ್ ಹಾಕಿಕೊಳ್ಳಿ ಎಂದು ಮಗಳು ಹೇಳುತ್ತಾಳೆ. ಮನೆಯ ಬೀಗದ ಕೈಗಳನ್ನೆಲ್ಲ ಒಂದೇ ಗೊಂಚಲಿಗೆ ಪೋಣಿಸಿ ಪರರ ಕೈಗೆ ಕೊಟ್ಟಂತಾಗುವುದಿಲ್ಲವೇ?

ಉತ್ತರ: ನಿಮ್ಮ ಅಂಜಿಕೆ ಸಹಜ. ಆದರೆ ಆ ಗೊಂಚಲನ್ನು ನೀವು ಈಗಾಗಲೇ ಕೊಟ್ಟಾಗಿದೆ ಸರ್, ಅದೂ ಎಪ್ಪತ್ತು ಜನರ ಕೈಗೆ. ಅವರಲ್ಲಿ ಒಬ್ಬರ ಬಳಿಯಿಂದ ಪಾಸ್‌ವರ್ಡ್ ಸೋರಿದರೆ ಸಾಕು. ಸೋರಿದ ಪಟ್ಟಿ ಕೈಗೆ ಸಿಕ್ಕವರು ಕೂತು ಒಂದೊಂದಾಗಿ ಟೈಪ್ ಮಾಡುವುದಿಲ್ಲ. ಅದೇ ಇಮೇಲ್, ಅದೇ ಪಾಸ್‌ವರ್ಡನ್ನು ಬೇರೆ ಬೇರೆ ತಾಣಗಳಲ್ಲಿ ತಾನೇ ಹಾಕಿ ನೋಡುವ ಪ್ರೋಗ್ರಾಂ ಓಡಿಸುತ್ತಾರೆ. ಕೊನೆಯ ಅಂಕಿ ಬದಲಿಸುವುದು ನಮಗೆಲ್ಲ ಹೊಳೆಯುವ ಉಪಾಯ. ಪ್ರೋಗ್ರಾಂ ಬರೆದವರಿಗೂ ಅದು ಗೊತ್ತು. ಎರಡು ಅಂಕಿ ಎಂದರೆ ಒಟ್ಟು 100 ಸಾಧ್ಯತೆ, ಅಷ್ಟೇ.

ಪಾಸ್‌ವರ್ಡ್ ಮ್ಯಾನೇಜರ್ ಹೇಗೆ ಕೆಲಸ ಮಾಡುತ್ತದೆ ಎಂದು ತಿಳಿದರೆ ಅರ್ಧ ಭಯ ಹೋಗುತ್ತದೆ. ಬಿಟ್‌ವಾರ್ಡನ್ ಅನ್ನೇ ತೆಗೆದುಕೊಳ್ಳಿ. ನಿಮ್ಮ ಪಾಸ್‌ವರ್ಡ್‌ಗಳೆಲ್ಲ ನಿಮ್ಮ ಫೋನಿನಲ್ಲೋ ಕಂಪ್ಯೂಟರಿನಲ್ಲೋ ಗೂಢಲಿಪಿಯಾಗಿ ಮಾರ್ಪಟ್ಟ ಮೇಲೆಯೇ ಕಂಪನಿಯ ಸರ್ವರ್‌ಗೆ ಹೋಗುತ್ತವೆ. ಅದನ್ನು ಬಿಡಿಸುವ ಮಾಸ್ಟರ್ ಪಾಸ್‌ವರ್ಡ್ ಅವರ ಬಳಿ ಇರುವುದಿಲ್ಲ. ಸರ್ವರ್ ಸಹವಾಸವೇ ಬೇಡ ಎನ್ನುವವರಿಗೆ ಕೀಪಾಸ್‌ಎಕ್ಸ್‌ಸಿ ಇದೆ. ಅದರಲ್ಲಿ ಎಲ್ಲವೂ ನಿಮ್ಮದೇ ಕಂಪ್ಯೂಟರಿನ ಒಂದು ಫೈಲಿನೊಳಗಿರುತ್ತದೆ, ಆದರೆ ಆ ಫೈಲಿನ ಪ್ರತಿ ತೆಗೆದಿಡುವ ಹೊಣೆಯೂ ನಿಮ್ಮದೇ. ಈ ವಯಸ್ಸಿನಲ್ಲಿ ಹೊಸದಾಗಿ ಶುರು ಮಾಡುತ್ತಿರುವ ನಿಮಗೆ ಮೊದಲನೆಯದೇ ಸಲೀಸು ಎಂದು ನನಗನಿಸುತ್ತದೆ.

ಅಪಾಯವೇ ಇಲ್ಲ ಎಂದು ಹೇಳುವುದಿಲ್ಲ. 2022ರಲ್ಲಿ ಇಂಥದ್ದೇ ಮ್ಯಾನೇಜರ್ ಒದಗಿಸುವ ಲಾಸ್ಟ್‌ಪಾಸ್ ಕಂಪನಿಯಲ್ಲಿ ಕಳ್ಳರು ಗ್ರಾಹಕರ ಪಾಸ್‌ವರ್ಡ್ ತಿಜೋರಿಗಳ ಬ್ಯಾಕಪ್ ಪ್ರತಿಗಳನ್ನೇ ಹೊತ್ತೊಯ್ದರು. ಒಳಗಿನ ಪಾಸ್‌ವರ್ಡ್‌ಗಳು ಗೂಢಲಿಪಿಯಲ್ಲಿದ್ದವು, ಆದರೆ ತಾಣಗಳ ವಿಳಾಸಗಳು ಹಾಗೇ ತೆರೆದಿದ್ದವು. ಪ್ರತಿ ಕೈಗೆ ಸಿಕ್ಕ ಮೇಲೆ ಮಾಸ್ಟರ್ ಪಾಸ್‌ವರ್ಡನ್ನು ಊಹಿಸುತ್ತಾ ಕೂರಲು ಕಳ್ಳನಿಗೆ ಬೇಕಾದಷ್ಟು ಸಮಯವಿರುತ್ತದೆ. ಅದು ಸಡಿಲವಾಗಿದ್ದವರ ಪಾಡು ಕಷ್ಟ, ಬಿಗಿಯಾಗಿದ್ದವರು ಉಳಿದುಕೊಳ್ಳುತ್ತಾರೆ. ಹಾಗಾಗಿ ಆ ಒಂದು ಪಾಸ್‌ವರ್ಡ್ ಮಾಡುವಾಗ ಅವಸರ ಬೇಡ.

ಅದಕ್ಕೆ ನನಗೆ ತುಂಬ ಇಷ್ಟವಾದ ವಿಧಾನ ಡೈಸ್‌ವೇರ್. ಆರ್ನಾಲ್ಡ್ ರೈನ್‌ಹೋಲ್ಡ್ 1995ರಲ್ಲಿ ರೂಪಿಸಿದ್ದು. ಬೇಕಾಗಿರುವುದು ಆಟದ ಒಂದು ದಾಳ ಮತ್ತು 7,776 ಪದಗಳ ಪಟ್ಟಿ. ದಾಳವನ್ನು ಐದು ಸಲ ಉರುಳಿಸಿ. 4, 1, 6, 2, 3 ಬಿತ್ತೆನ್ನಿ, ಪಟ್ಟಿಯಲ್ಲಿ 41623ರ ಎದುರಿಗಿರುವ ಪದವೇ ನಿಮ್ಮ ಮೊದಲ ಪದ. ಹೀಗೆ ಆರು ಪದ ಆರಿಸಿದರೆ ಸಾಧ್ಯತೆಗಳ ಸಂಖ್ಯೆ 2ರ ಮುಂದೆ 23 ಸೊನ್ನೆ ಇಟ್ಟಷ್ಟಾಗುತ್ತದೆ. ಪಟ್ಟಿಯ ಪದ ನಾಲಿಗೆಗೆ ಒಗ್ಗದಿದ್ದರೆ ಕನ್ನಡ ನಿಘಂಟಿನ ಪುಟಸಂಖ್ಯೆಯನ್ನೂ ಸಾಲನ್ನೂ ದಾಳದಿಂದಲೇ ಆರಿಸಿ, ಸಿಕ್ಕ ಪದವನ್ನು ರೋಮನ್ ಅಕ್ಷರದಲ್ಲಿ ಟೈಪ್ ಮಾಡಬಹುದು. ಒರಳು, ಸುಂಕ, ನವಿಲು, ಅಟ್ಟ, ಕದಿರು, ಜೇಡ: ಒಂದಕ್ಕೊಂದು ಸಂಬಂಧವೇ ಇಲ್ಲದ ಇಂಥ ಸಾಲು ನಾಲ್ಕು ದಿನ ಟೈಪ್ ಮಾಡಿದರೆ ಬಾಯಿಪಾಠವಾಗುತ್ತದೆ. (ಇದನ್ನೇ ಬಳಸಬೇಡಿ, ಇಲ್ಲಿ ಬರೆದ ಗಳಿಗೆಯಲ್ಲೇ ಇದು ಕೆಟ್ಟಿತು.) ಗಾದೆ, ವಚನ, ಹಾಡಿನ ಸಾಲು ಬೇಡ. ಜನ ಹಾಗೆ ಮಾಡುತ್ತಾರೆಂದು ಕಳ್ಳರಿಗೂ ಗೊತ್ತು.

ಮಾಸ್ಟರ್ ಪಾಸ್‌ವರ್ಡನ್ನು ಕಾಗದದ ಮೇಲೆ ಬರೆದು ಮನೆಯ ಪತ್ರಗಳ ಜೊತೆ ಇಡಿ. ‘ಎಲ್ಲೂ ಬರೆದಿಡಬೇಡಿ’ ಎಂಬ ಹಳೆಯ ಉಪದೇಶದಿಂದ ಎಷ್ಟೋ ಜನ ಸುಲಭದ ಪಾಸ್‌ವರ್ಡಿಗೆ ಜೋತುಬಿದ್ದರು. ನಿಮ್ಮ ವಿಷಯದಲ್ಲಿ ಕಳ್ಳ ಇರುವುದು ದೂರದಲ್ಲಿ, ಅವನ ಕೈ ನಿಮ್ಮ ಬೀರುವಿಗೆ ಎಟುಕದು.

ಎಪ್ಪತ್ತನ್ನೂ ಇವತ್ತೇ ಬದಲಿಸಬೇಕೆಂದು ಹೊರಡಬೇಡಿ, ಎರಡನೇ ದಿನಕ್ಕೇ ಸಾಕಾಗಿ ಕೈಬಿಡುತ್ತೀರಿ. ಮೊದಲು ಇಮೇಲ್. ‘ಪಾಸ್‌ವರ್ಡ್ ಮರೆತಿರಾ?’ ಎಂದು ಯಾವ ತಾಣದಲ್ಲಿ ಒತ್ತಿದರೂ ಹೊಸ ಪಾಸ್‌ವರ್ಡಿನ ಕೊಂಡಿ ಬರುವುದು ಅಲ್ಲಿಗೇ. ಇಮೇಲ್ ಹೋದರೆ ಉಳಿದ 69ಕ್ಕೆ ಹಾಕಿದ ಬೀಗ ವ್ಯರ್ಥ. ಆಮೇಲೆ ಬ್ಯಾಂಕು. ಉಳಿದವನ್ನು ಮುಂದೆ ಒಂದೊಂದಾಗಿ ಲಾಗಿನ್ ಆಗುವಾಗ ಬದಲಿಸಿಕೊಂಡರಾಯಿತು. ಟ್ರಾಯ್ ಹಂಟ್ 2013ರಲ್ಲಿ ಶುರುಮಾಡಿದ ‘ಹ್ಯಾವ್ ಐ ಬೀನ್ ಪೌನ್ಡ್’ ತಾಣದಲ್ಲಿ ನಿಮ್ಮ ಇಮೇಲ್ ವಿಳಾಸ ಕೊಟ್ಟು ನೋಡಿ. ಅದು ಯಾವ ಯಾವ ಸೋರಿಕೆಯಲ್ಲಿ ಸಿಕ್ಕಿಬಿದ್ದಿದೆ ಎಂದು ಪಟ್ಟಿ ಬರುತ್ತದೆ. ಆ ಪಟ್ಟಿಯಲ್ಲಿರುವ ತಾಣಗಳಿಗೆ ಮೂರನೆಯ ಸರದಿ.

ಪ್ರಶ್ನೆ: ನನ್ನ ಖಾತೆಗೆ ಲಾಗಿನ್ ಆಗುವಾಗ ಒಟಿಪಿ ಬರುತ್ತದೆ. ಪಾಸ್‌ವರ್ಡ್ ಯಾರಿಗೆ ಸಿಕ್ಕರೂ ಚಿಂತೆಯಿಲ್ಲ ತಾನೇ?

ಉತ್ತರ: ಒಟಿಪಿ ಇರುವುದು ಇಲ್ಲದಿರುವುದಕ್ಕಿಂತ ಎಷ್ಟೋ ಮೇಲು, ಅದನ್ನು ತೆಗೆಯಬೇಡಿ. ಆದರೆ ಮೋಸ ಹೇಗೆ ನಡೆಯುತ್ತದೆಂದು ಒಮ್ಮೆ ಹತ್ತಿರದಿಂದ ನೋಡಿ. ನಿಮಗೊಂದು ಮೆಸೇಜ್ ಬರುತ್ತದೆ, ಕೊಂಡಿ ಒತ್ತುತ್ತೀರಿ. ತೆರೆದುಕೊಳ್ಳುವ ಪುಟ ಬಣ್ಣ, ಲೋಗೋ, ಅಕ್ಷರ ಎಲ್ಲದರಲ್ಲೂ ಅಸಲಿಯಂತೆಯೇ ಇದೆ. ನೀವು ಅಲ್ಲಿ ಪಾಸ್‌ವರ್ಡ್ ಹಾಕಿದ ಕೂಡಲೇ ಹಿಂದಿರುವ ಪ್ರೋಗ್ರಾಂ ಅದನ್ನು ಅಸಲಿ ತಾಣದಲ್ಲಿ ಹಾಕುತ್ತದೆ. ಅಸಲಿ ತಾಣ ನಿಮ್ಮ ಫೋನಿಗೆ ಅಸಲಿ ಒಟಿಪಿಯನ್ನೇ ಕಳಿಸುತ್ತದೆ. ನಂಬಿಕೆ ಇನ್ನಷ್ಟು ಗಟ್ಟಿಯಾಗಿ ನೀವು ಅದನ್ನೂ ನಕಲಿ ಪುಟದಲ್ಲಿ ತುಂಬುತ್ತೀರಿ. ಕೆಲವೇ ಕ್ಷಣಗಳಲ್ಲಿ ಆ ಕಡೆಯವರು ಒಳಗೆ ಹೋಗಿರುತ್ತಾರೆ. ಇನ್ನೊಂದು ದಾರಿ, ನಿಮ್ಮ ಹೆಸರಿನಲ್ಲಿ ಬದಲಿ ಸಿಮ್ ತೆಗೆಸಿ ನಿಮ್ಮ ಮೆಸೇಜ್‌ಗಳನ್ನೇ ತಮ್ಮತ್ತ ತಿರುಗಿಸಿಕೊಳ್ಳುವುದು.

ಸಿಮ್ ಮೋಸಕ್ಕೆ ಅಥೆಂಟಿಕೇಟರ್ ಆ್ಯಪ್ ಮದ್ದು. ಶುರುವಿನಲ್ಲಿ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿದಾಗ ಒಂದು ರಹಸ್ಯ ಸಂಖ್ಯೆ ನಿಮ್ಮ ಫೋನಿಗೆ ಬಂದು ಕೂರುತ್ತದೆ. ಆ ಸಂಖ್ಯೆಯನ್ನೂ ಗಡಿಯಾರವನ್ನೂ ಸೇರಿಸಿ ಸಾಮಾನ್ಯವಾಗಿ 30 ಸೆಕೆಂಡಿಗೊಂದು ಹೊಸ ಆರಂಕಿ ಕೋಡ್ ಫೋನಿನೊಳಗೇ ತಯಾರಾಗುತ್ತದೆ. ಮೊಬೈಲ್ ಕಂಪನಿಯ ಮೂಲಕ ಏನೂ ಬರಬೇಕಿಲ್ಲ, ನೆಟ್‌ವರ್ಕ್ ಇಲ್ಲದಿದ್ದರೂ ನಡೆಯುತ್ತದೆ. ನಕಲಿ ಪುಟಕ್ಕೆ ಮಾತ್ರ ಇದೂ ಸೋಲುತ್ತದೆ.

ಅದಕ್ಕೂ ಸೋಲದಿರುವುದು ಪಾಸ್‌ಕೀ, ಅಂದರೆ ಪಾಸ್‌ವರ್ಡಿನ ಬದಲು ನಿಮ್ಮ ಸಾಧನದಲ್ಲೇ ಇದ್ದು, ಬೆರಳಚ್ಚು ಅಥವಾ ಸ್ಕ್ರೀನ್ ಲಾಕಿನಿಂದ ಬಳಸುವ ಡಿಜಿಟಲ್ ಕೀಲಿ. ಆಪಲ್, ಗೂಗಲ್, ಮೈಕ್ರೋಸಾಫ್ಟ್ ಮೂರೂ 2022ರಲ್ಲಿ ಒಟ್ಟಾಗಿ ಇದಕ್ಕೆ ಬೆಂಬಲ ಘೋಷಿಸಿದವು. ಪಾಸ್‌ಕೀಯನ್ನು ತಾಣದ ವಿಳಾಸಕ್ಕೇ ಕಟ್ಟಿಹಾಕಿರುತ್ತಾರೆ. ಪುಟ ನಿಮ್ಮ ಕಣ್ಣಿಗೆ ಎಷ್ಟೇ ಅಸಲಿಯಾಗಿ ಕಂಡರೂ ವಿಳಾಸದಲ್ಲಿ ಒಂದಕ್ಷರ ಬೇರೆಯಿದ್ದರೆ ಅದು ಬಾಯಿ ಬಿಡುವುದಿಲ್ಲ. ನೀವು ತುಂಬಬೇಕಾದ ಕೋಡ್ ಇಲ್ಲವಾದ್ದರಿಂದ ಕಸಿದುಕೊಳ್ಳಲಿಕ್ಕೂ ಏನಿಲ್ಲ. ಇಮೇಲ್ ಖಾತೆಯಲ್ಲಿ ಪಾಸ್‌ಕೀ ಸೌಲಭ್ಯವಿದ್ದರೆ ಈ ವಾರವೇ ಮಾಡಿಕೊಳ್ಳಿ. ಪಾಸ್‌ವರ್ಡ್ ಮ್ಯಾನೇಜರಿಗೂ ಈ ಗುಣ ಸ್ವಲ್ಪ ಇದೆ: ದಿನಾ ತಾನಾಗಿ ಪಾಸ್‌ವರ್ಡ್ ತುಂಬುತ್ತಿದ್ದದ್ದು ಇವತ್ತು ಸುಮ್ಮನೆ ಕೂತರೆ ಕೈಯಾರೆ ಟೈಪ್ ಮಾಡಲು ಹೋಗಬೇಡಿ, ಮೇಲಿನ ವಿಳಾಸ ನೋಡಿ.

ಇನ್ನೊಂದು ವಿಷಯ, ಅನುಭವಿಸಿ ಹೇಳುತ್ತಿದ್ದೇನೆ. ಪಾಸ್‌ವರ್ಡಿನ ಜೊತೆ ಇಂಥ ಎರಡನೇ ಬೀಗ ಹಾಕುವಾಗ, ಫೋನ್ ಕೈಕೊಟ್ಟರೂ ಒಳಹೋಗಲೆಂದು ಕೊಡುವ ರಿಕವರಿ ಕೋಡ್‌ಗಳನ್ನು ಪ್ರಿಂಟ್ ತೆಗೆದಿಡಿ. ನನ್ನ ಫೋನ್ ನೀರಿಗೆ ಬಿದ್ದು ಸತ್ತಾಗ ಆ ಕೋಡ್‌ಗಳ ಒಂದೇ ಒಂದು ಪ್ರತಿ ಅದೇ ಫೋನಿನೊಳಗಿತ್ತು. ನನ್ನದೇ ಖಾತೆಗೆ ಮರಳಿ ಹೋಗಲು ಒಂಬತ್ತು ದಿನ ಹಿಡಿಯಿತು.

ಪ್ರಶ್ನೆ: ಬ್ರೌಸರಿನ ಇನ್‌ಕಾಗ್ನಿಟೋ ಕಿಟಕಿಯಲ್ಲಿ ನೋಡಿದರೆ ಯಾರಿಗೂ ತಿಳಿಯುವುದಿಲ್ಲವೇ? ವಿಪಿಎನ್ ಕೂಡ ಬೇಕೇ?

ಉತ್ತರ: ಇನ್‌ಕಾಗ್ನಿಟೋ ಅಳಿಸುವುದು ನಿಮ್ಮ ಸಾಧನದಲ್ಲಿ ಉಳಿಯುವ ಜಾಡನ್ನು ಮಾತ್ರ. ಇಂಟರ್‌ನೆಟ್ ಕೊಡುವ ಕಂಪನಿಗೂ ನೀವು ಹೋದ ತಾಣಕ್ಕೂ ನೀವು ಕಾಣುತ್ತಲೇ ಇರುತ್ತೀರಿ. ಈ ತಪ್ಪು ತಿಳಿವಳಿಕೆ ಎಷ್ಟು ವ್ಯಾಪಕವೆಂದರೆ 2020ರಲ್ಲಿ ಅಮೆರಿಕದಲ್ಲಿ ಗೂಗಲ್ ಮೇಲೆ ಇದೇ ಕಾರಣಕ್ಕೆ ಮೊಕದ್ದಮೆ ಹೂಡಿದರು. 2024ರ ರಾಜಿಯಲ್ಲಿ ಆ ಕಂಪನಿ, ಸಂಗ್ರಹವಾಗಿದ್ದ ಅಪಾರ ದಾಖಲೆಗಳನ್ನು ನಾಶಮಾಡಲು ಒಪ್ಪಿತು.

ವಿಪಿಎನ್ ಎಂದರೆ ನಿಮ್ಮ ಇಂಟರ್‌ನೆಟ್ ಓಡಾಟವನ್ನೆಲ್ಲ ಇನ್ನೊಂದು ಕಂಪನಿಯ ಸರ್ವರ್ ಮೂಲಕ ಸಾಗಿಸುವ ಸೇವೆ. ಅದನ್ನು ಹಾಕಿದರೆ ನೀವು ಯಾವ ತಾಣಕ್ಕೆ ಹೋದಿರೆಂಬುದು ಇಂಟರ್‌ನೆಟ್ ಕಂಪನಿಗೆ ಕಾಣುವುದಿಲ್ಲ, ಅದರ ಬದಲು ವಿಪಿಎನ್ ಕಂಪನಿಗೆ ಕಾಣುತ್ತದೆ. ನಂಬಿಕೆಯನ್ನು ಒಬ್ಬರಿಂದ ತೆಗೆದು ಇನ್ನೊಬ್ಬರಿಗೆ ಕೊಟ್ಟಂತೆ. ಪುಕ್ಕಟೆ ವಿಪಿಎನ್ ಆದರೆ, ಅವರ ಖರ್ಚು ಹೇಗೆ ನಡೆಯುತ್ತಿದೆ ಎಂದು ಯೋಚಿಸಿ. ಯಾರೊಬ್ಬರನ್ನೂ ಪೂರ್ತಿ ನಂಬಬೇಕಿಲ್ಲದ ವ್ಯವಸ್ಥೆ ಟಾರ್. ಅದರಲ್ಲಿ ನಿಮ್ಮ ಕೋರಿಕೆ ಬೇರೆ ಬೇರೆಯವರ ಮೂರು ಕಂಪ್ಯೂಟರುಗಳನ್ನು ದಾಟಿ ತಾಣಕ್ಕೆ ಹೋಗುತ್ತದೆ. ಮೊದಲನೆಯವರಿಗೆ ನೀವು ಯಾರೆಂದು ಗೊತ್ತು, ಎಲ್ಲಿಗೆ ಹೊರಟಿರೆಂದು ಗೊತ್ತಿಲ್ಲ. ಕೊನೆಯವರಿಗೆ ಅದರ ತಿರುವುಮುರುವು. ನಿಧಾನ, ಆದರೆ ಪ್ರಾಮಾಣಿಕ ವಿನ್ಯಾಸ.

ನಿಮ್ಮ ಚಿಂತೆ ಬೆನ್ನುಹತ್ತುವ ಜಾಹೀರಾತುಗಳದ್ದಾದರೆ ಇವೆರಡೂ ಬೇಡ. ಫೈರ್‌ಫಾಕ್ಸ್ ಬ್ರೌಸರಿನಲ್ಲಿ ಜಾಹೀರಾತು ತಡೆಯುವ ಯುಬ್ಲಾಕ್ ಒರಿಜಿನ್ ಎಂಬ ಎಕ್ಸ್‌ಟೆನ್ಶನ್ ಹಾಕಿಕೊಳ್ಳಿ, ಐದು ನಿಮಿಷದ ಕೆಲಸ. ಕ್ರೋಮ್ ತನ್ನ ಎಕ್ಸ್‌ಟೆನ್ಶನ್ ನಿಯಮ ಬದಲಿಸಿದ ಮೇಲೆ ಅಲ್ಲಿ ಅದರ ಹಗುರ ಆವೃತ್ತಿ ಮಾತ್ರ ನಡೆಯುತ್ತದೆ.

ಪ್ರಶ್ನೆ: ವಾಟ್ಸ್‌ಆ್ಯಪ್ ಸುರಕ್ಷಿತವೇ?

ಉತ್ತರ: ಮಾತುಕತೆಯ ಒಳಗಿನದು ಸುರಕ್ಷಿತ, ಸಿಗ್ನಲ್ ಎಂಬ ಇನ್ನೊಂದು ಮೆಸೇಜ್ ಆ್ಯಪ್‌ನ ಗೂಢಲಿಪಿಯನ್ನೇ 2016ರಿಂದ ಎಲ್ಲರಿಗೂ ಬಳಸುತ್ತಿದೆ. ಯಾರು ಯಾರೊಂದಿಗೆ, ಯಾವಾಗ ಎಂಬ ವಿವರ ಬೇರೆ ಮಾತು. ಅದನ್ನು ಅತಿ ಕಡಿಮೆ ಇಟ್ಟುಕೊಳ್ಳುವುದು ಸಿಗ್ನಲ್. ವಾಟ್ಸ್‌ಆ್ಯಪ್ ಬಿಡಲಾಗದವರು ಸೆಟ್ಟಿಂಗ್ಸ್‌ನಲ್ಲಿ ಚಾಟ್ ಬ್ಯಾಕಪ್ ತೆರೆದು, ಬ್ಯಾಕಪ್‌ಗೂ ಎಂಡ್-ಟು-ಎಂಡ್ (ನಿಮ್ಮ ಹೊರತು ಯಾರೂ ಬಿಡಿಸಲಾಗದ) ಗೂಢಲಿಪಿ ಇದೆಯೇ ನೋಡಿ. 2021ರಲ್ಲಿ ಬಂದ ಈ ಸೌಲಭ್ಯವನ್ನು ನಾವೇ ಆನ್ ಮಾಡಿಕೊಳ್ಳಬೇಕು.

ಪ್ರಶ್ನೆ: ಗಂಡನಿಂದ ದೂರವಾಗಿ ಕೆಲವು ತಿಂಗಳಾಯಿತು. ನಾನು ಎಲ್ಲಿಗೆ ಹೋದೆ, ಯಾರ ಜೊತೆ ಮಾತಾಡಿದೆ ಎಲ್ಲವೂ ಅವರಿಗೆ ತಿಳಿಯುತ್ತಿದೆ. ಈ ಫೋನ್ ಕೊಡಿಸಿ, ಎಲ್ಲ ಸೆಟ್ ಮಾಡಿಕೊಟ್ಟವರು ಅವರೇ. ಯಾವ ಆ್ಯಪ್ ಹಾಕಲಿ?

ಉತ್ತರ: ದಯವಿಟ್ಟು ಈ ಫೋನಿನಲ್ಲಿ ಸದ್ಯಕ್ಕೆ ಏನನ್ನೂ ಬದಲಿಸಬೇಡಿ, ಏನನ್ನೂ ಹಾಕಬೇಡಿ. ಅವರಿಗೆ ಕಾಣುತ್ತಿರುವುದು ಥಟ್ಟನೆ ನಿಂತರೆ ನಿಮಗೆ ಗೊತ್ತಾಗಿದೆಯೆಂದು ಅವರಿಗೆ ತಿಳಿಯುತ್ತದೆ. ಅವರು ಕೈಮಾಡಬಹುದೆಂಬ ಭಯ ಸ್ವಲ್ಪವಿದ್ದರೂ ಮೊದಲು ಬೇರೆಯವರ ಫೋನಿನಿಂದ ಮಹಿಳಾ ಸಹಾಯವಾಣಿಗೋ ವಕೀಲರಿಗೋ ಮಾತಾಡಿ, ಇರಲು ಸುರಕ್ಷಿತ ಜಾಗವಿದೆಯೇ ನೋಡಿಕೊಳ್ಳಿ. ಏನೇನು ನಡೆಯಿತೆಂದು ದಿನಾಂಕದ ಸಮೇತ ಒಂದು ಪುಸ್ತಕದಲ್ಲಿ ಬರೆದಿಡಿ.

ಇಂಥ ಸಂದರ್ಭದಲ್ಲಿ ಎಲ್ಲರಿಗೂ ಹೊಳೆಯುವುದು ಬೇಹುಗಾರಿಕೆ ಆ್ಯಪ್. ಇರಲೂಬಹುದು. ಆದರೆ ಅದಿಲ್ಲದೆಯೂ ಇಷ್ಟೆಲ್ಲ ಕಾಣಬಲ್ಲದು. ಫೋನಿನ ಗೂಗಲ್ ಅಥವಾ ಆಪಲ್ ಖಾತೆಯ ಪಾಸ್‌ವರ್ಡ್ ಅವರಿಗೆ ಗೊತ್ತಿದ್ದರೆ ಲೊಕೇಶನ್, ಫೋಟೋ, ಸಂಪರ್ಕಗಳ ಪಟ್ಟಿ ಬೇರೊಂದು ಕಂಪ್ಯೂಟರಿನಲ್ಲಿ ತೆರೆದುಕೊಳ್ಳುತ್ತವೆ. ವಾಟ್ಸ್‌ಆ್ಯಪ್‌ನ ‘ಲಿಂಕ್ಡ್ ಡಿವೈಸಸ್’ನಲ್ಲಿ ಅವರ ಲ್ಯಾಪ್‌ಟಾಪ್ ಒಮ್ಮೆ ಸೇರಿದ್ದರೆ ಹೊಸ ಮೆಸೇಜ್‌ಗಳು ಅಲ್ಲಿಗೂ ಹೋಗುತ್ತವೆ. ಖಾತೆಯ ರಿಕವರಿ ಇಮೇಲ್ ಅವರದ್ದಾಗಿದ್ದರೆ ನೀವು ಪಾಸ್‌ವರ್ಡ್ ಬದಲಿಸಿದರೂ ಅವರು ಮತ್ತೆ ಒಳಬರಬಲ್ಲರು. ಬ್ಯಾಗು, ಗಾಡಿಯಲ್ಲಿ ಬಿಲ್ಲೆಯಷ್ಟು ಚಿಕ್ಕ ಟ್ರ್ಯಾಕರ್ ಇದೆಯೇ ಎಂದೂ ಹುಡುಕಿ. ಇಲ್ಲಿ ಎದುರಿಗಿರುವವರಿಗೆ ನಿಮ್ಮ ಹುಟ್ಟಿದ ದಿನ, ತಾಯಿಯ ಹೆಸರು, ಮೊದಲ ಶಾಲೆ ಎಲ್ಲ ಗೊತ್ತು. ಮೊದಲ ಓದುಗರಿಗೆ ಕಾಗದದಲ್ಲಿ ಬರೆದಿಡಿ ಎಂದೆನಲ್ಲ, ಗಂಡನಿಗೆ ನಿಮ್ಮ ಮನೆಯೊಳಗೆ ಬರುವ ದಾರಿಯಿದ್ದರೆ ಅದನ್ನು ನೀವು ಪಾಲಿಸಬೇಡಿ. ಭದ್ರತಾ ಪ್ರಶ್ನೆಗಳಿಗೂ ನಿಜವಾದ ಉತ್ತರ ಕೊಡಬೇಡಿ.

ಸುರಕ್ಷಿತ ಎನಿಸಿದ ಮೇಲೆ ಈ ಕ್ರಮದಲ್ಲಿ ನಡೆಯಿರಿ. ನಂಬಿಕಸ್ಥರ ಕಂಪ್ಯೂಟರಿನಲ್ಲಿ ಹೊಸ ಇಮೇಲ್ ಮಾಡಿ, ಹಳೆಯದಕ್ಕೆ ಯಾವ ನಂಟೂ ಇಲ್ಲದಂತೆ. ಆಮೇಲೆ ನಿಮ್ಮದೇ ಹೆಸರಿನಲ್ಲಿ ಹೊಸ ಮೊಬೈಲ್ ಸಂಖ್ಯೆ. ಬ್ಯಾಂಕಿನಂಥ ಮುಖ್ಯ ಖಾತೆಗಳನ್ನು ಇವೆರಡಕ್ಕೆ ಬದಲಿಸಿ. ಫೋನಿನ ಸರದಿ ಕೊನೆಗೆ. ಸಾಧ್ಯವಾದರೆ ಬೇರೆ ಫೋನ್, ಇಲ್ಲವಾದರೆ ಇದನ್ನೇ ಫ್ಯಾಕ್ಟರಿ ರೀಸೆಟ್ ಮಾಡಿ, ಹಳೆಯ ಬ್ಯಾಕಪ್ ಮರಳಿ ಹಾಕದೆ, ಹೊಸ ಖಾತೆಯಿಂದಲೇ ಶುರುಮಾಡಿ. ರೀಸೆಟ್ ಮಾಡಿದರೆ ಸಾಕ್ಷ್ಯವೂ ಅಳಿಯುತ್ತದೆ, ಹಾಗಾಗಿ ದೂರು ಕೊಡುವ ಯೋಚನೆಯಿದ್ದರೆ ವಕೀಲರನ್ನು ಕೇಳಿದ ಮೇಲೆಯೇ ಆ ಕೆಲಸ. ಐಫೋನ್ ಆದರೆ ಸೆಟ್ಟಿಂಗ್ಸ್‌ನಲ್ಲಿ ‘ಸೇಫ್ಟಿ ಚೆಕ್’ ಎಂಬ ಭಾಗ 2022ರಿಂದ ಇದೆ. ಯಾರೊಂದಿಗೆ ಏನೇನು ಹಂಚಿಕೆಯಾಗುತ್ತಿದೆ ಎಂದು ತೋರಿಸಿ ಒಮ್ಮೆಲೇ ನಿಲ್ಲಿಸಲು ಅದನ್ನು ಇಂಥ ಸಂದರ್ಭಕ್ಕೆಂದೇ ಮಾಡಿದ್ದಾರೆ.

ನಿಮ್ಮ ಪತ್ರ ಇದೇ ಫೋನಿನಿಂದ ಬಂದಿರಬಹುದೆಂಬ ಅನುಮಾನದಿಂದ ನಿಮ್ಮ ವಿಳಾಸಕ್ಕೆ ನೇರವಾಗಿ ಉತ್ತರ ಕಳಿಸಿಲ್ಲ. ಇನ್ನೇನಾದರೂ ಕೇಳುವುದಿದ್ದರೆ ಹೊಸ ಇಮೇಲ್‌ನಿಂದ, ಬೇರೆ ಸಾಧನದಿಂದ ಬರೆಯಿರಿ. ಆ ದಿನವೇ ಉತ್ತರಿಸುತ್ತೇನೆ.