ಸಂಪಾದಕರ ಉತ್ತರ: ಹೆಸರಿಲ್ಲದ ಕಣಜವನ್ನು ಕರೆಸುವುದು ಹೇಗೆ?

ಯಜಮಾನರೇ, ನಮಸ್ಕಾರ.

ಹೋದ ಸಂಚಿಕೆಯಲ್ಲಿ ಮಧ್ಯ ಅಮೆರಿಕದ ಕೋಸ್ಟರಿಕಾ ದೇಶದಲ್ಲಿ ಸಿಕ್ಕ ಪುಟಾಣಿ ಪರೋಪಜೀವಿ ಕಣಜಗಳ ಬಗ್ಗೆ ಬರೆದಿದ್ದೆವು. ಬೇರೆ ಹುಳುವಿನ ಮೈಮೇಲೋ ಒಳಗೋ ಮೊಟ್ಟೆಯಿಟ್ಟು, ಮರಿಗೆ ಅದನ್ನೇ ಊಟ ಮಾಡುವ ಕಣಜಗಳು ಅವು. ಅದನ್ನು ಓದಿ ತಿಪಟೂರು ತಾಲ್ಲೂಕಿನಿಂದ ನೀವು ಬರೆದ ಪತ್ರ ಕೈಸೇರಿತು. 'ಒಬ್ಬ ತೆಂಗು ಬೆಳೆಗಾರ' ಅಂತಷ್ಟೇ ಸಹಿ ಹಾಕಿದ್ದೀರಿ. ನಿಮ್ಮ ಪತ್ರದಲ್ಲಿ ಮೂರು ಪ್ರಶ್ನೆಗಳಿವೆ. ಕಣ್ಣಿಗೇ ಕಾಣದ ಹುಳುವಿಗೆ, ಅದೂ ಎಲ್ಲೋ ದೂರದ ದೇಶದಲ್ಲಿ, ಹೆಸರಿಡುವುದಕ್ಕೆ ಇಷ್ಟು ದುಡ್ಡು, ಇಷ್ಟು ವರ್ಷ ಯಾಕೆ? ಒಂದೇ ಸಲಕ್ಕೆ 403 ಹೊಸ ಜಾತಿ ಅಂದರೆ ನಂಬುವುದು ಹೇಗೆ? ಕೊನೆಯದು ನಿಮ್ಮ ಮೊಮ್ಮಗಳದ್ದು: ಅವು ಕಚ್ಚುತ್ತವಾ?

ಮೊದಲನೆಯದಕ್ಕೆ ನಿಮ್ಮ ತೋಟದಿಂದಲೇ ಶುರು ಮಾಡುತ್ತೇನೆ.

ಕಪ್ಪುತಲೆ ಹುಳುವನ್ನು ನಿಮಗೆ ಪರಿಚಯ ಮಾಡಿಕೊಡಬೇಕಾಗಿಲ್ಲ. ಗರಿಯ ಅಡಿಯಲ್ಲಿ ತನ್ನ ಹಿಕ್ಕೆ, ನೂಲು ಸೇರಿಸಿ ಸುರಂಗ ಕಟ್ಟಿಕೊಂಡು, ಒಳಗೇ ಇದ್ದು ಹಸಿರನ್ನು ಕೆರೆದು ತಿನ್ನುತ್ತದೆ. ದೂರದಿಂದ ನೋಡಿದರೆ ತೋಟಕ್ಕೆ ಬೆಂಕಿ ತಗುಲಿದ ಹಾಗಿರುತ್ತದೆ. ಅದಕ್ಕೆ ತೋಟಗಾರಿಕೆ ಇಲಾಖೆಯ ಪ್ರಯೋಗಾಲಯದಲ್ಲಿ ಬೆಳೆಸಿದ ಗೋನಿಯೋಜಸ್ ಹುಳುಗಳನ್ನು ತಂದು ಬಿಡುತ್ತಾರಲ್ಲ? ಗಾಜಿನ ನಳಿಗೆಯಲ್ಲಿ, ಬಾಯಿಗೆ ಹತ್ತಿ ತುರುಕಿ ಕೊಡುತ್ತಾರೆ. ನೋಡಲು ಕಪ್ಪು ಇರುವೆಯಂತೆ ಇರುತ್ತದೆ. ಅದೂ ಪರೋಪಜೀವಿ ಕಣಜವೇ.

ಅದರ ಕೆಲಸವನ್ನು ಒಮ್ಮೆ ಹತ್ತಿರದಿಂದ ನೋಡಬೇಕು. ಹೆಣ್ಣು ಕಣಜ ಸುರಂಗದೊಳಗೆ ನುಗ್ಗಿ, ತನಗಿಂತ ಎಷ್ಟೋ ದೊಡ್ಡದಾದ ಹುಳುವನ್ನು ಚುಚ್ಚಿ ಅಲುಗಾಡದ ಹಾಗೆ ಮಾಡುತ್ತದೆ. ಅದರ ಮೈಮೇಲೆ ಮೊಟ್ಟೆ ಅಂಟಿಸುತ್ತದೆ. ಇಷ್ಟಾದ ಮೇಲೆ ಹಾರಿ ಹೋಗುವುದಿಲ್ಲ, ಮರಿಗಳ ಪಕ್ಕದಲ್ಲೇ ಕಾವಲು ಇರುತ್ತದೆ. ಇನ್ನೊಂದು ಹೆಣ್ಣು ಬಂದರೆ ಬಿಡುವುದಿಲ್ಲ, ಜಗಳಕ್ಕೆ ನಿಲ್ಲುತ್ತದೆ. ಯಾಕೆಂದರೆ ಬಂದದ್ದು ಇದರ ಮೊಟ್ಟೆಗಳನ್ನು ಹಾಳು ಮಾಡಿ ತನ್ನವನ್ನು ಇಟ್ಟುಬಿಡುತ್ತದೆ. ಒಂದು ತೆಂಗಿನ ಗರಿಯ ಕೆಳಗೆ ಇಷ್ಟೆಲ್ಲ ನಡೆಯುತ್ತದೆ.

ಈ ಕಣಜದ ಪೂರ್ತಿ ಹೆಸರು ಗೋನಿಯೋಜಸ್ ನೆಫ್ಯಾಂಟಿಡಿಸ್. 1934ರಲ್ಲಿ ಮ್ಯೂಸ್‌ಬೆಕ್ ಎಂಬ ಅಮೆರಿಕದ ಕೀಟತಜ್ಞರು ಇದನ್ನು ವಿವರಿಸಿ ಹೆಸರಿಟ್ಟರು. ಕಪ್ಪುತಲೆ ಹುಳುವಿನ ಪತಂಗಕ್ಕೆ ಆಗ ನೆಫ್ಯಾಂಟಿಸ್ ಅನ್ನುತ್ತಿದ್ದರು. ಅಂದರೆ ಈ ಕಣಜ ಯಾವ ಹುಳುವಿನದ್ದು ಅನ್ನುವುದು ಅದರ ಹೆಸರಿನಲ್ಲೇ ಇದೆ. ಪತಂಗದ ಹೆಸರು ಆಮೇಲೆ ಓಪಿಸಿನ ಅಂತ ಬದಲಾಯಿತು. ಕಣಜ ಮಾತ್ರ ಹಳೆಯ ಹೆಸರನ್ನು ಈಗಲೂ ಹೊತ್ತುಕೊಂಡಿದೆ. ಆಗಲೂ ಇದು ಇರುವೆಯಷ್ಟು ಸಣ್ಣ ಹುಳುವೇ ಆಗಿತ್ತು, ಅಲ್ವಾ?

ಇನ್ನು ಕೋಸ್ಟರಿಕಾ ನಮಗೆ ಎಷ್ಟು ದೂರ ಅನ್ನುವುದು. ಇದಕ್ಕೆ ಪರಂಗಿಯ ಕಥೆ ಹೇಳಬೇಕು.

2008ರಲ್ಲಿ ಕೊಯಮತ್ತೂರಿನಲ್ಲಿ ಪರಂಗಿ ಗಿಡದ ಮೇಲೆ ಹೊಸದೊಂದು ಹಿಟ್ಟು ತಿಗಣೆ ಕಾಣಿಸಿತು. ಎಲೆ, ಕಾಯಿ, ಕಾಂಡ ಎಲ್ಲವೂ ಹಿಟ್ಟು ಚೆಲ್ಲಿದ ಹಾಗೆ ಬೆಳ್ಳಗಾದವು. ಪರಂಗಿಯಿಂದ ಹಿಪ್ಪುನೇರಳೆಗೆ, ಮರಗೆಣಸಿಗೆ ಹತ್ತಿತು. ರೇಷ್ಮೆ ಸಾಕುವವರಿಗೆ ಸೊಪ್ಪಿಲ್ಲದ ಹಾಗಾಯಿತು. ಔಷಧಿ ಹೊಡೆದರೆ ಮೈಮೇಲಿನ ಮೇಣದಂಥ ಪುಡಿ ಅದನ್ನು ಒಳಗೆ ಬಿಡುವುದಿಲ್ಲ. ಹಿಪ್ಪುನೇರಳೆಗೆ ಜಾಸ್ತಿ ಹೊಡೆದರೆ ಸೊಪ್ಪು ತಿಂದ ರೇಷ್ಮೆ ಹುಳುವೇ ಸಾಯುತ್ತದೆ. ಈ ತಿಗಣೆ ಮೆಕ್ಸಿಕೋ ಕಡೆಯದ್ದು. ಇಲ್ಲಿಗೆ ಅದು ಬಂತು, ಅದರ ಶತ್ರುಗಳು ಅಲ್ಲೇ ಉಳಿದವು.

ಆ ಶತ್ರುಗಳನ್ನು ಕರೆಸಿದ್ದು ನಮ್ಮ ಬೆಂಗಳೂರು. ಹೆಬ್ಬಾಳದ ರಾಷ್ಟ್ರೀಯ ಕೀಟ ಸಂಪನ್ಮೂಲ ಸಂಸ್ಥೆ, ಈಗ ಎನ್‌ಬಿಎಐಆರ್ ಅನ್ನುತ್ತಾರೆ, 2010ರಲ್ಲಿ ಪೋರ್ಟೊ ರಿಕೊದಿಂದ ಮೂರು ಜಾತಿಯ ಕಣಜಗಳನ್ನು ತರಿಸಿತು. ಅವುಗಳಲ್ಲಿ ಚೆನ್ನಾಗಿ ನೆಲೆಯೂರಿದ್ದು ಅಸಿರೋಫೇಗಸ್ ಪಪಾಯೆ. ಒಂದು ಮಿಲಿಮೀಟರ್ ಕೂಡ ಇಲ್ಲ. ತಿಗಣೆಯ ಒಳಗೆ ಮೊಟ್ಟೆಯಿಡುತ್ತದೆ. ಮರಿ ಒಳಗಿನಿಂದ ತಿಂದು ಮುಗಿಸುತ್ತದೆ. ತಿಗಣೆ ಒಣಗಿ, ಉಬ್ಬಿ, ಸಣ್ಣ ಡಬ್ಬಿಯಂತಾಗುತ್ತದೆ. ಆ ಡಬ್ಬಿಗೆ ದುಂಡಗೆ ತೂತು ಕೊರೆದು ಹೊಸ ಕಣಜ ಹೊರಗೆ ಬರುತ್ತದೆ. ಕೆಲವೇ ತಿಂಗಳಲ್ಲಿ ತೋಟಗಳು ಚೇತರಿಸಿಕೊಂಡವು.

ಈಗ ನಿಮ್ಮ ಪ್ರಶ್ನೆಗೆ ಬರುತ್ತೇನೆ. ಅಸಿರೋಫೇಗಸ್ ಪಪಾಯೆಗೆ ಹೆಸರಿಟ್ಟದ್ದು 2003ರಲ್ಲಿ. ಲಂಡನ್ನಿನ ನ್ಯಾಚುರಲ್ ಹಿಸ್ಟರಿ ಮ್ಯೂಸಿಯಂನ ಜಾನ್ ನೋಯ್ಸ್ ಮತ್ತು ಅಮೆರಿಕದ ಮೈಕೆಲ್ ಶಾಫ್ ಇಟ್ಟರು. ಬೆಂಗಳೂರಿಗೆ ಬರುವ ಹೊತ್ತಿಗೆ ಆ ಹೆಸರಿಗೆ ಏಳೇ ವರ್ಷ ವಯಸ್ಸು. ಜೊತೆಗೆ ಬಂದ ಮತ್ತೊಂದು ಕಣಜ ಅನಾಗೈರಸ್ ಲೋಕಿ. ಅದಕ್ಕೆ ಹೆಸರು ಸಿಕ್ಕಿದ್ದು 2000ದಲ್ಲಿ, ಇದೇ ನೋಯ್ಸ್ ಬರೆದ ಒಂದು ದೊಡ್ಡ ಗ್ರಂಥದಲ್ಲಿ. ಆ ಗ್ರಂಥದ ವಿಷಯವೇ ಕೋಸ್ಟರಿಕಾದ ಹಿಟ್ಟು ತಿಗಣೆ ಕಣಜಗಳು! ಇದು ಗೊತ್ತಾದ ದಿನ ನಾನು ಸ್ವಲ್ಪ ಹೊತ್ತು ಸುಮ್ನೆ ಕೂತುಬಿಟ್ಟೆ. ಯಾರೋ ಒಬ್ಬರು ಸೂಕ್ಷ್ಮದರ್ಶಕದ ಕೆಳಗೆ ಕಣ್ಣು ಬಾಡಿಸಿಕೊಂಡು ಕಣಜದ ಮೀಸೆಯ ಗೆಣ್ಣು ಎಣಿಸಿದ್ದರು. ಹತ್ತು ವರ್ಷದ ಮೇಲೆ ಆ ಎಣಿಕೆ ನಮ್ಮ ಕಡೆಯ ಹಿಪ್ಪುನೇರಳೆಗೆ ಒದಗಿತು. ಹೆಸರಿಲ್ಲದಿದ್ದರೆ ಏನಂತ ಬರೆದು ಕರೆಸುವುದು?

ಈಗ ಎರಡನೆಯ ಪ್ರಶ್ನೆ. ಕೋಸ್ಟರಿಕಾ ನಮ್ಮ ಕರ್ನಾಟಕದ ಸುಮಾರು ಕಾಲು ಭಾಗದಷ್ಟಿರುವ ದೇಶ. ಅದರ ವಾಯವ್ಯ ಮೂಲೆಯಲ್ಲಿ ಗ್ವಾನಾಕಾಸ್ಟೆ ಎಂಬ ರಕ್ಷಿತ ಪ್ರದೇಶವಿದೆ. ಅಲ್ಲಿ ಡ್ಯಾನಿಯಲ್ ಜಾನ್ಜೆನ್ ಎಂಬ ಅಮೆರಿಕದ ಪರಿಸರ ವಿಜ್ಞಾನಿ 1978ರಲ್ಲಿ ಒಂದು ಕೆಲಸ ಶುರು ಮಾಡಿದರು. ವಿನಿ ಹಾಲ್ವಾಕ್ಸ್ ಅವರ ಜೊತೆಗೂಡಿದರು. ಕಾಡಿನಲ್ಲಿ ಸಿಕ್ಕ ಕಂಬಳಿಹುಳುವನ್ನು ತಂದು, ಅದು ತಿನ್ನುವ ಎಲೆಯ ಸಮೇತ ಪ್ಲಾಸ್ಟಿಕ್ ಚೀಲಕ್ಕೆ ಹಾಕುತ್ತಾರೆ. ನಂಬರ್ ಬರೆದು ತೂಗುಹಾಕುತ್ತಾರೆ. ದಿನವೂ ನೋಡುತ್ತಾರೆ. ಚಿಟ್ಟೆ ಬಂದರೆ ಒಂದು ಲೆಕ್ಕ, ಕಣಜ ಬಂದರೆ ಇನ್ನೊಂದು ಲೆಕ್ಕ. ಈ ಕೆಲಸ ಮಾಡುವವರು ಸುತ್ತಮುತ್ತಲ ಹಳ್ಳಿಗಳ ಜನ. ಮಾಡುತ್ತಲೇ ಕಲಿತವರು.

ಹೀಗೆ 34 ವರ್ಷಗಳಲ್ಲಿ ಅವರು ಸಾಕಿದ ಕಂಬಳಿಹುಳುಗಳು ಐದು ಲಕ್ಷಕ್ಕೂ ಜಾಸ್ತಿ. 2014ರಲ್ಲಿ ಅಪಾಂಟೆಲಿಸ್ ಎಂಬ ಒಂದೇ ಕಣಜ ಕುಲದಲ್ಲಿ, ಅಂದರೆ ಹತ್ತಿರದ ಜಾತಿಗಳ ಒಂದೇ ಗುಂಪಿನಲ್ಲಿ, 186 ಹೊಸ ಜಾತಿಗಳನ್ನು ವಿವರಿಸಿದರು. ಅದಕ್ಕೂ ಮೊದಲು ಇಡೀ ಮಧ್ಯ ಅಮೆರಿಕದ ಭಾಗದಿಂದ ಆ ಕುಲದಲ್ಲಿ ಹೆಸರಿದ್ದದ್ದು ಬರೀ 19ಕ್ಕೆ. ಇವುಗಳಲ್ಲಿ ಬಹುಪಾಲು ಕಣಜಗಳು ಒಂದೋ ಎರಡೋ ಜಾತಿಯ ಕಂಬಳಿಹುಳುವನ್ನು ಬಿಟ್ಟು ಬೇರೆಯದರ ತಂಟೆಗೆ ಹೋಗುವುದಿಲ್ಲ. ಹೊಸ ಜಾತಿಗಳಲ್ಲಿ ಎಷ್ಟೊಂದಕ್ಕೆ ಚೀಲ ಕಟ್ಟಿದ ಆ ಹಳ್ಳಿಯವರ ಹೆಸರನ್ನೇ ಇಟ್ಟಿದ್ದಾರೆ. ನನಗೆ ಬಹಳ ಹಿಡಿಸಿದ ಸಂಗತಿ ಇದು.

ನೀವು ಕೇಳಿದ 403ರ ಲೆಕ್ಕ 2021ರದ್ದು, ಕೋಸ್ಟರಿಕಾದ ಕಣಜಗಳದ್ದೇ. ನಿಮ್ಮ ಅನುಮಾನ ನಿಮಗೊಬ್ಬರಿಗೇ ಬಂದದ್ದಲ್ಲ, ಕೀಟತಜ್ಞರಲ್ಲೇ ದೊಡ್ಡ ತಕರಾರು ಎದ್ದಿತು. ಕಾರಣ ಇಷ್ಟೇ. ಹಳೆಯ ಪದ್ಧತಿಯಲ್ಲಿ ಒಂದು ಹೊಸ ಜಾತಿ ಅನ್ನಬೇಕಾದರೆ ರೆಕ್ಕೆಯ ನರ, ಕಾಲಿನ ಬಣ್ಣ, ಬೆನ್ನಿನ ಗೆರೆ ಎಲ್ಲವನ್ನೂ ಬರೆಯಬೇಕು. ಇಲ್ಲಿ ಹೆಚ್ಚಿನವಕ್ಕೆ ಡಿಎನ್‌ಎಯ ಒಂದು ತುಣುಕು, ಅಂದರೆ ಬಾರ್‌ಕೋಡ್, ಮತ್ತು ಒಂದು ಫೋಟೋ ಮಾತ್ರ ಕೊಟ್ಟರು.

ಬಾರ್‌ಕೋಡ್ ಸುಳ್ಳಲ್ಲ. ಅದೇ ಗ್ವಾನಾಕಾಸ್ಟೆಯಲ್ಲಿ ಅಪಾಂಟೆಲಿಸ್ ಲ್ಯೂಕೋಸ್ಟಿಗ್ಮಸ್ ಅಂತ ಒಂದು ಕಣಜ ಹಲವು ಜಾತಿಯ ಚಿಟ್ಟೆ ಹುಳುಗಳನ್ನು ಹಿಡಿಯುತ್ತದೆ ಅಂದುಕೊಂಡಿದ್ದರು. ಕಣ್ಣಿಗೆ ಎಲ್ಲವೂ ಒಂದೇ. ಡಿಎನ್‌ಎ ನೋಡಿದಾಗ ಅದು 36 ಗುಂಪುಗಳಾಗಿ ಒಡೆಯಿತು. ಒಂದೊಂದು ಗುಂಪಿಗೂ ಒಂದೋ, ಕೆಲವೇ ಕೆಲವೋ ಜಾತಿಯ ಹುಳು ಮಾತ್ರ! ಇದು ತಿಳಿಯದೆ ತೋಟಕ್ಕೆ ತಂದು ಬಿಟ್ಟರೆ ತಪ್ಪು ಕಣಜ ಬಿಟ್ಟ ಹಾಗಾಗುತ್ತದೆ. ಆದರೂ ನನ್ನ ಅಭಿಪ್ರಾಯ ಹೇಳುತ್ತೇನೆ. 2014ರ ಕೆಲಸದ ಮೇಲೆ ನನಗೆ ಜಾಸ್ತಿ ಭರವಸೆ. ಅದರಲ್ಲಿ ಡಿಎನ್‌ಎ ಇದೆ, ಮೈಕಟ್ಟಿನ ವಿವರ ಇದೆ, ಯಾವ ಹುಳು, ಯಾವ ಗಿಡ ಅನ್ನುವುದೂ ಇದೆ. ಒಂದು ಸೂಕ್ಷ್ಮದರ್ಶಕ ಇಟ್ಟುಕೊಂಡು ಕೂತ ಹುಡುಗಿಯೂ ಅದನ್ನು ಓದಿ ಕಣಜವನ್ನು ಗುರುತಿಸಬಹುದು. ಬರೀ ಬಾರ್‌ಕೋಡ್ ಇದ್ದರೆ ಪ್ರತಿ ಸಲ ಪ್ರಯೋಗಾಲಯಕ್ಕೇ ಓಡಬೇಕು. ಕಾಡು ಬೇಗ ಬೇಗ ಹೋಗುತ್ತಿದೆ, ಬೇಗ ಹೆಸರಿಡಬೇಕು ಅನ್ನುವ ಅವರ ಆತಂಕ ನನಗೆ ಅರ್ಥವಾಗುತ್ತದೆ. ಆದರೆ ವಿವರ ಬಿಟ್ಟ ಕೆಲಸವನ್ನು ಯಾರಾದರೂ ಮುಂದೆ ಮಾಡಲೇಬೇಕು.

ಇನ್ನು ಮೊಮ್ಮಗಳ ಪ್ರಶ್ನೆ. ಪುಟ್ಟಿಗೆ ಹೇಳಿ: ಇಷ್ಟು ಚಿಕ್ಕ ಕಣಜಗಳಲ್ಲಿ ಹೆಚ್ಚಿನವಕ್ಕೆ ನಮ್ಮ ಚರ್ಮ ಚುಚ್ಚುವಷ್ಟು ಬಲ ಇಲ್ಲ. ಕೋಸ್ಟರಿಕಾದಲ್ಲೇ 2013ರಲ್ಲಿ ಹೆಸರು ಪಡೆದ ಟಿಂಕರ್‌ಬೆಲ್ಲಾ ನಾನಾ ಎಂಬ ಕಣಜ ಕಾಲು ಮಿಲಿಮೀಟರ್ ಉದ್ದ. ಒಂದು ರಾಗಿ ಕಾಳಿನ ಮೇಲೆ ನಾಲ್ಕೈದು ಸಾಲಾಗಿ ನಿಲ್ಲಬಹುದು. ಅದರ ರೆಕ್ಕೆ ಹಕ್ಕಿ ಪುಕ್ಕದ ಹಾಗೆ, ಅಂಚಿಗೆ ಉದ್ದನೆಯ ಕೂದಲು.

ಅವಳಿಗೆ ನೋಡುವ ಆಸೆ ಇದ್ದರೆ ಮನೆಯಲ್ಲೇ ಆಗುತ್ತದೆ. ನಿಂಬೆ ಗಿಡದಲ್ಲೋ ಎಲೆಕೋಸಿನ ಮಡಿಯಲ್ಲೋ ಕಂಬಳಿಹುಳುವಿನ ಮೈಗೆ ಅಂಟಿದ ಹಾಗೆ ಅಕ್ಕಿ ಕಾಳಿನಂಥ ಬಿಳಿ ಗೂಡುಗಳು ಕಾಣುತ್ತವೆ. ಎಷ್ಟೋ ಜನ ಅವನ್ನು ಹುಳುವಿನ ಮೊಟ್ಟೆ ಅಂತ ಹೊಸಕಿ ಹಾಕುತ್ತಾರೆ. ಮೊಟ್ಟೆಯಲ್ಲ, ಕಣಜದ ಗೂಡು. ಹೋದ ಮಳೆಗಾಲದಲ್ಲಿ ನಾನೂ ನಮ್ಮ ನಿಂಬೆ ಗಿಡದಿಂದ ಅಂಥದ್ದೊಂದು ಹುಳುವನ್ನು ಎಲೆ ಸಮೇತ ಬಾಟಲಿಗೆ ಹಾಕಿ, ಬಾಯಿಗೆ ಪಂಚೆ ಬಟ್ಟೆ ಕಟ್ಟಿ ಇಟ್ಟಿದ್ದೆ. ಒಂದು ವಾರಕ್ಕೆ ಗೂಡುಗಳ ತುದಿ ಮುಚ್ಚಳದ ಹಾಗೆ ದುಂಡಗೆ ಕತ್ತರಿಸಿ ತೆರೆದುಕೊಂಡಿತ್ತು. ಬಟ್ಟೆಯ ಒಳಮೈಯಲ್ಲಿ ಇಪ್ಪತ್ತಕ್ಕೂ ಹೆಚ್ಚು ಕಪ್ಪು ಚುಕ್ಕೆಗಳು ಓಡಾಡುತ್ತಿದ್ದವು. ಅವನ್ನು ಗಿಡದ ಹತ್ತಿರವೇ ಬಿಟ್ಟೆ.

ಪುಟ್ಟಿ ಹೀಗೆ ಮಾಡಿದರೆ ಬಾಟಲಿಯ ಮೇಲೆ ತಾರೀಕು, ಗಿಡದ ಹೆಸರು, ಹುಳು ಹೇಗಿತ್ತು ಅನ್ನುವುದನ್ನು ಬರೆದಿಡಲಿ. ಫೋಟೋ ತೆಗೆದು ನಮಗೆ ಕಳಿಸಲಿ. ಮಕ್ಕಳ ಪುಟದಲ್ಲಿ ಜಾಗ ಇಟ್ಟಿರುತ್ತೇವೆ.

ನಿಮ್ಮ
ಸಂಪಾದಕ